ಜಂಟಿ ಖಾತೆಯ ಕೃಷ್ಣರು

"ನಾನು ಹೆಸರು ಬದಲಾಯಿಸಿಕೊಳ್ಳುತ್ತೇನೆ" ಎಂದು ಕಿಟ್ಟಪ್ಪ ಪಾರ್ಕಿನ ಬೆಂಚಿನ ಮೇಲೆ ಕೂರುವ ಮೊದಲೇ ಘೋಷಿಸಿದ. ಅರವತ್ತಾರನೆಯ ವಯಸ್ಸಿನಲ್ಲಿ ಹೆಸರು ಬದಲಾಯಿಸಿಕೊಳ್ಳುವ ಗಂಡಸು ಒಂದೋ ಸನ್ಯಾಸ ತೆಗೆದುಕೊಂಡಿರಬೇಕು, ಇಲ್ಲವೇ ಸಾಲ ಕೊಟ್ಟವರಿಂದ ತಲೆ ತಪ್ಪಿಸಿಕೊಳ್ಳುತ್ತಿರಬೇಕು. ಕಿಟ್ಟಪ್ಪ ನಿವೃತ್ತ ಬ್ಯಾಂಕ್ ನೌಕರ. ಸನ್ಯಾಸ ಅವನ ಸ್ವಭಾವಕ್ಕೆ ಒಗ್ಗದು, ಸಾಲ ಅವನ ಮನೆಯವರಿಗೆ ಒಗ್ಗದು.

ವಿಷಯ ಏನೆಂದರೆ, ರಕ್ತಪರೀಕ್ಷೆ ಮಾಡುವ ಕಡೆ ಅವನಿಗೆ ಬೇರೊಬ್ಬ ಕೃಷ್ಣಮೂರ್ತಿಯ ವರದಿಯನ್ನು ಕೊಟ್ಟು ಕಳುಹಿಸಿದ್ದರು. ಅದರಲ್ಲಿ ಸಕ್ಕರೆಯ ಅಂಶ ಮುನ್ನೂರು ದಾಟಿತ್ತು. ಪಾಪ, ಅಂದಿನಿಂದ ಅವನು ಸಪ್ಪೆ ಕಾಫಿ, ಹಾಗಲಕಾಯಿ ರಸ, ಮೆಂತ್ಯದ ನೀರಿನಲ್ಲಿ ಬದುಕಿದ್ದ. ಮಗಳು ಜಾತಕ ಬೇರೆ ತೋರಿಸಿದ್ದಳು. ನಿಜವಾದ ವರದಿ ಕೈಗೆ ಬಂದು ನೋಡಿದರೆ ಸಕ್ಕರೆ ನೆಟ್ಟಗಿದೆ.

"ನನ್ನ ಹೊಟ್ಟೆ ಉರಿಯುವುದು ಹಾಗಲಕಾಯಿಗಲ್ಲ" ಎಂದ. "ನನ್ನ ವರದಿ ಕೈಯಲ್ಲಿ ಹಿಡಿದು ಆ ಇನ್ನೊಬ್ಬ ಕೃಷ್ಣಮೂರ್ತಿ ಇಷ್ಟು ದಿನ ಮೈಸೂರುಪಾಕು ತಿಂದಿರುತ್ತಾನಲ್ಲ!"

ಮೇಷ್ಟ್ರು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದರು. ಮೂವತ್ತು ಚಿಲ್ಲರೆ ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಯಾರ ಸಂಕಟವನ್ನು ಕೇಳಿದರೂ ಅದಕ್ಕಿಂತ ಹಳೆಯದೊಂದು ಸಂಕಟವನ್ನು ತೆಗೆದು ಮುಂದಿಡುವುದು ಅವರ ಸಾಂತ್ವನದ ರೀತಿ.

"ನಿನ್ನದೇನು ಮಹಾ, ಕಿಟ್ಟಪ್ಪ? ಸಾಕ್ಷಾತ್ ಶ್ರೀಕೃಷ್ಣನಿಗೇ ಹೆಸರಿನ ತಕರಾರು ತಪ್ಪಲಿಲ್ಲ. ಪೌಂಡ್ರಕ ಎಂಬ ರಾಜ ದೂತನನ್ನು ಕಳುಹಿಸಿ, 'ನಿಜವಾದ ವಾಸುದೇವ ನಾನು. ಶಂಖ, ಚಕ್ರ ಎಲ್ಲ ಇಳಿಸಿ ಶರಣಾಗು' ಎಂದು ಹೇಳಿಸಿದ. ತಾನೂ ಒಂದು ಚಕ್ರ, ಒಂದು ಶಂಖ ಮಾಡಿಸಿಕೊಂಡಿದ್ದ. ಪೀತಾಂಬರವನ್ನೂ ಉಟ್ಟಿದ್ದ."

ವಕೀಲರ ಕಿವಿ ನೆಟ್ಟಗಾಯಿತು. "ಚಿಹ್ನೆಗಳ ದುರ್ಬಳಕೆ. ತಡೆಯಾಜ್ಞೆ ಸಿಗುವ ಪ್ರಕರಣ. ತೀರ್ಪು ಏನಾಯಿತು?"

"ತಲೆ ಹೋಯಿತು."

"ಮೇಲ್ಮನವಿ?"

"ಪರವಾಗಿ ಬಂದ ಕಾಶಿಯ ರಾಜನ ತಲೆಯೂ ಹೋಯಿತು."

ವಕೀಲರು ಗಂಭೀರವಾಗಿ ತಲೆಯಾಡಿಸಿದರು. ಕಕ್ಷಿದಾರನ ಜೊತೆ ವಕಾಲತ್ತು ವಹಿಸಿದವನೂ ಹೋದದ್ದು ಅವರ ಮನಸ್ಸಿಗೆ ತಟ್ಟಿದಂತಿತ್ತು.

"ಒಂದೇ ಒಂದು ಪೌಂಡ್ರಕನಾದರೆ ತಲೆ ತೆಗೆಯಬಹುದು" ಎಂದು ಕಿಟ್ಟಪ್ಪ ಗೊಣಗಿದ. "ನಮ್ಮ ಬಡಾವಣೆಯಲ್ಲೇ ಎಷ್ಟು ಜನ ಕೃಷ್ಣಮೂರ್ತಿಗಳಿದ್ದಾರೆ ಗೊತ್ತೇ?"

"ಮಹಾಭಾರತದಲ್ಲಿ ಎಷ್ಟು ಜನ ಕೃಷ್ಣರಿದ್ದಾರೆ ಗೊತ್ತೇ?" ಎಂದು ಮೇಷ್ಟ್ರು ತಿರುಗಿಸಿ ಕೇಳಿದರು. "ಬರೆದವರೇ ಕೃಷ್ಣ ದ್ವೈಪಾಯನ ವ್ಯಾಸರು. ದ್ರೌಪದಿಯ ಹೆಸರು ಕೃಷ್ಣೆ. ಅಜ್ಞಾತವಾಸ ಮುಗಿಯುವ ಹೊತ್ತಿಗೆ ಅರ್ಜುನ ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳನ್ನು ಹೇಳುತ್ತಾನಲ್ಲ, ಅದರಲ್ಲಿ ಕೃಷ್ಣ ಎನ್ನುವುದೂ ಒಂದು. ನಾಲ್ಕನೆಯವನನ್ನು ಹೇಳಬೇಕಾಗಿಲ್ಲ. ಅಂದರೆ, ಕೃಷ್ಣನು ಬರೆದ ಕಥೆಯಲ್ಲಿ ಕೃಷ್ಣೆಯ ಮಾನಕ್ಕಾಗಿ ಕೃಷ್ಣನು ಯುದ್ಧ ಮಾಡುವಾಗ ಕೃಷ್ಣನು ರಥ ಹೊಡೆದನು."

ಈ ವಾಕ್ಯವನ್ನು ನಾವು ಮೂವರೂ ಒಂದೊಂದು ಸಲ ಹೇಳಿ ನೋಡಿದೆವು. ವಕೀಲರು ಎರಡನೆಯ ಕೃಷ್ಣನ ಹತ್ತಿರ ಎಡವಿದರು.

"ಆ ರಥದ ಮೇಲಿನ ಇಬ್ಬರನ್ನು ಮೂಲದಲ್ಲಿ ದ್ವಿವಚನ ಹಾಕಿ 'ಕೃಷ್ಣೌ' ಎಂದುಬಿಡುತ್ತಾರೆ. ಯಾರು ಬಾಣ ಬಿಟ್ಟರು, ಯಾರು ಲಗಾಮು ಹಿಡಿದರು ಎಂದು ನೀವೇ ನೋಡಿಕೊಳ್ಳಿ ಎಂಬ ಧಾಟಿ" ಎಂದರು ಮೇಷ್ಟ್ರು.

ಅಷ್ಟರಲ್ಲಿ ಕಿಟ್ಟಪ್ಪನೊಳಗಿನ ಬ್ಯಾಂಕ್ ನೌಕರ ಎಚ್ಚರಗೊಂಡ. "ಅಂದರೆ ಇದೊಂದು ಜಂಟಿ ಖಾತೆ. ನಾಲ್ಕು ಜನ ಹಣ ಕಟ್ಟುತ್ತಾರೆ, ಒಬ್ಬ ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಾನೆ. ಕೃಷ್ಣ ಎಂದರೆ ಇವತ್ತು ಯಾರಿಗಾದರೂ ವ್ಯಾಸರು ನೆನಪಾಗುತ್ತಾರೆಯೇ?"

ಒಪ್ಪಬೇಕಾದ ಮಾತು. ಛಾಂದೋಗ್ಯ ಉಪನಿಷತ್ತಿನಲ್ಲಿ ಘೋರ ಆಂಗಿರಸನ ಹತ್ತಿರ ಪಾಠ ಹೇಳಿಸಿಕೊಂಡ ದೇವಕೀಪುತ್ರ ಕೃಷ್ಣನೊಬ್ಬನಿದ್ದಾನೆ. ಅವನು ಇವನೇ ಹೌದೋ ಅಲ್ಲವೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ತಾಯಿಯ ಹೆಸರು ಕೊಟ್ಟರೂ ಗುರುತು ಸಿಗಲಿಲ್ಲ ಎಂದ ಮೇಲೆ ವಯಸ್ಸು, ಲಿಂಗ ಬರೆದ ಚೀಟಿ ನೋಡಿ ಪ್ರಯೋಗಾಲಯದ ಹುಡುಗಿ ಏನು ತಾನೇ ಮಾಡಿಯಾಳು?

ಮೇಷ್ಟ್ರಿಗೆ ಈಗ ವೇಗ ಬಂದಿತ್ತು. ಶಾತವಾಹನರ ಕಣ್ಹ ರಾಜನನ್ನು ಅವರು ಒಂದೇ ಉಸಿರಿನಲ್ಲಿ ಮುಗಿಸಿದರು: ನಾಸಿಕದ ಒಂದು ಗುಹೆ, ಅದರಲ್ಲಿ ಅವನ ಹೆಸರಿರುವ ಒಂದು ಶಾಸನ. "ಅಷ್ಟೇ ಬಂಡವಾಳವಾದರೂ ಅವನು ಪುಣ್ಯವಂತ, ಆ ಮನೆತನದಲ್ಲಿ ಸಾತಕರ್ಣಿಗಳ ಗದ್ದಲ ಇನ್ನೂ ಜಾಸ್ತಿ." ಅಲ್ಲಿಂದ ನೇರ ರಾಷ್ಟ್ರಕೂಟರ ಅಂಗಳಕ್ಕೆ ಧುಮುಕಿದರು. ಅಲ್ಲಿ ಕೃಷ್ಣರು ಮೂವರು.

"ಹೆಸರು ಒಂದೇ ಆದರೆ ಬಿರುದಾದರೂ ಬೇರೆ ಇರಬೇಡವೇ? 'ಅಕಾಲವರ್ಷ' ಎಂಬ ಬಿರುದು ಮೂವರಿಗೂ ಇದೆ. 'ಶುಭತುಂಗ' ಎನ್ನುವುದು ಮೊದಲಿನ ಇಬ್ಬರಿಗೆ. ತಮಿಳು ಶಾಸನಗಳಲ್ಲಿ ಮೂರನೆಯವನು ಕನ್ನರದೇವ. ಹೋಗಲಿ, ಅದಾದರೂ ಬೇರೆಯಾಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರಲ್ಲಿ ಇನ್ನೊಬ್ಬ ಕನ್ನರ ಹುಟ್ಟಿಕೊಂಡ!"

"ನಿಮ್ಮ ವಿದ್ಯಾರ್ಥಿಗಳ ಗತಿ?" ಎಂದು ನಾನು ಕೇಳಿದೆ.

"ಒಬ್ಬ ಮಹಾನುಭಾವ ಬರೆದಿದ್ದ. ಅವನ ಪ್ರಕಾರ ಒಬ್ಬನೇ ಕೃಷ್ಣ ಎಲ್ಲೋರದಲ್ಲಿ ಕೈಲಾಸನಾಥ ದೇವಾಲಯ ಕೊರೆಸಿ, ತಕ್ಕೋಲದಲ್ಲಿ ಚೋಳರನ್ನು ಸೋಲಿಸಿ, ರಾಯಚೂರು ಕೋಟೆ ಗೆದ್ದು, ಕೊನೆಗೆ ಕನ್ನಂಬಾಡಿ ಕಟ್ಟೆ ಕಟ್ಟಿಸಿ ತೀರಿಕೊಂಡ. ಸಾವಿರದ ಇನ್ನೂರು ವರ್ಷ ಬದುಕಿದರೆ ಯಾರು ಬೇಕಾದರೂ ಅಷ್ಟು ಮಾಡಬಹುದು. ಅರ್ಧ ಅಂಕ ಕೊಟ್ಟೆ."

"ಯಾವುದಕ್ಕೆ?"

"ತೀರಿಕೊಂಡ ಎಂದದ್ದಕ್ಕೆ."

ಕೈಲಾಸನಾಥ ದೇವಾಲಯ ಮೊದಲನೆಯ ಕೃಷ್ಣನದು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದ ಕೆಲಸ. ಒಂದು ಕಂಬ ತಪ್ಪಿದರೆ ಇನ್ನೊಂದು ತಂದು ನಿಲ್ಲಿಸುವಂತಿಲ್ಲ. ವಡೋದರಾದಲ್ಲಿ ಸಿಕ್ಕ ತಾಮ್ರಶಾಸನವೊಂದು ಹೇಳುವ ಪ್ರಕಾರ, ಮಾಡಿದ ಶಿಲ್ಪಿಯೇ ಮುಗಿದ ಮೇಲೆ ನೋಡಿ 'ಇದನ್ನು ನಾನು ಹೇಗೆ ಮಾಡಿದೆ!' ಎಂದು ಬೆರಗಾದನಂತೆ. ಆ ಶಿಲ್ಪಿಯ ಹೆಸರನ್ನು ಮಾತ್ರ ಶಾಸನ ಬಿಟ್ಟುಬಿಟ್ಟಿದೆ. ನನಗೆ ಇದರಲ್ಲಿ ಒಂದು ಅನುಮಾನ. ಅವನ ಹೆಸರೂ ಕೃಷ್ಣ ಎಂದೇ ಇದ್ದು, ಗೊಂದಲ ಬೇಡವೆಂದು ಬಿಟ್ಟಿರಬಹುದು. ಮೇಷ್ಟ್ರು ಈ ಸಂಶೋಧನೆಗೆ ಅರ್ಧ ಅಂಕವನ್ನೂ ಕೊಡಲಿಲ್ಲ.

ಎರಡನೆಯ ಕೃಷ್ಣನ ಕಥೆ ಬಂದಾಗ ಕಿಟ್ಟಪ್ಪ ಕಣ್ಣು ಒದ್ದೆ ಮಾಡಿಕೊಂಡ. ಅಪ್ಪ ಅಮೋಘವರ್ಷ ನೃಪತುಂಗ ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಅಪ್ಪನ ಕಾಲದಲ್ಲಿ 'ಕವಿರಾಜಮಾರ್ಗ' ಬಂದು ಕನ್ನಡಿಗರೆಲ್ಲ ಅವನನ್ನೇ ನೆನೆಯುವಂತಾಯಿತು. ಮಗನ ಸರದಿ ಬಂದಾಗ ವೇಂಗಿಯ ಚಾಳುಕ್ಯರು ಕಾದು ಕುಳಿತಿದ್ದರು, ಚೆನ್ನಾಗಿ ಹೊಡೆದರು. ಯುವರಾಜನಾದ ಮಗ ಇವನಿಗಿಂತ ಮೊದಲೇ ತೀರಿಕೊಂಡ, ಪಟ್ಟ ಮೊಮ್ಮಗ ಇಂದ್ರನಿಗೆ ಹೋಯಿತು. "ಮುಂದಿನವನು ದೇವಸ್ಥಾನ ಕಟ್ಟಿದ, ಹಿಂದಿನವನು ಯುದ್ಧ ಗೆದ್ದ, ನಡುವಿನವನು ನಮ್ಮ ಶಾಖೆಯ ಉಪವ್ಯವಸ್ಥಾಪಕ" ಎಂದ ಕಿಟ್ಟಪ್ಪ.

"ಯುದ್ಧ ಗೆದ್ದದ್ದು ಮೂರನೆಯ ಕೃಷ್ಣ, 949ರಲ್ಲಿ, ತಕ್ಕೋಲದಲ್ಲಿ" ಎಂದು ಮೇಷ್ಟ್ರು ತಿದ್ದಿದರು. "ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಕೊಂದವನು ಗಂಗರ ಬೂತುಗ, ಕೃಷ್ಣನ ಅಕ್ಕನ ಗಂಡ. ಮಧ್ಯಪ್ರದೇಶದ ಜೂರಾದಲ್ಲಿ ಈ ಕೃಷ್ಣನನ್ನು ಹೊಗಳುವ ಕನ್ನಡ ಶಾಸನವೇ ಇದೆ. ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದು ಕೊಟ್ಟವನೂ ಇವನೇ. ಆದರೆ ಆ ಯುದ್ಧದಲ್ಲಿ ಗುರುತು ಕೆಡದೆ ಉಳಿದವರು ಯಾರು ಹೇಳಿ ನೋಡೋಣ?"

ಯಾರೂ ಹೇಳಲಿಲ್ಲ.

"ಕಾಳಿ. ಒಂದು ನಾಯಿ."

ಮದ್ದೂರು ಸೀಮೆಯ ಆತಕೂರಿನ ಕಥೆ ಅದು. ತಕ್ಕೋಲದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೂತುಗ, "ಏನು ಬೇಕೋ ಕೇಳು" ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಬೂತುಗನ ನಾಯಿ ಕಾಳಿಯನ್ನು ಕೇಳಿ ಪಡೆದ. ಮುಂದೆ ಅದು ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ನಾಯಿ, ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ವಿವರ ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಈ ನಾಯಿಯ ಕಲ್ಲಿನಿಂದಲೇ. ಮೂವರು ಚಕ್ರವರ್ತಿಗಳನ್ನು ಮಕ್ಕಳು ಒಬ್ಬರಿಗೊಬ್ಬರು ಬೆರೆಸಿ ಬರೆಯುತ್ತಾರೆ. ಕಾಳಿಯ ವಿಷಯದಲ್ಲಿ ಇದುವರೆಗೆ ಯಾರೂ ತಪ್ಪಿಲ್ಲ. "ಅದರ ರಕ್ತಪರೀಕ್ಷೆಯ ವರದಿಯೂ ಅದಕ್ಕೇ ಸಿಗುತ್ತಿತ್ತು" ಎಂದ ಕಿಟ್ಟಪ್ಪ, ನಿಜವಾದ ಅಸೂಯೆಯಿಂದ.

ವಿಜಯನಗರದ ಕೃಷ್ಣದೇವರಾಯನ ಬಗ್ಗೆ ಹೊಸದಾಗಿ ಹೇಳುವುದೇನಿದೆ? ವಕೀಲರು ಒಂದು ಪ್ರಶ್ನೆ ಹಾಕಿದರು: ಅವನು ಉದಯಗಿರಿಯನ್ನು ಗೆದ್ದು ಬಾಲಕೃಷ್ಣನ ವಿಗ್ರಹ ತಂದು ಹಂಪಿಯಲ್ಲಿ ಕಟ್ಟಿಸಿದ ಕೃಷ್ಣ ದೇವಾಲಯ ದೇವರ ಹೆಸರಿನದೋ ಸ್ವಂತ ಹೆಸರಿನದೋ? ಅದಕ್ಕೆ ಮೇಷ್ಟ್ರು ಇನ್ನೊಂದನ್ನು ಜೋಡಿಸಿದರು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಈ ರಾಯನ ಕಾಲದಲ್ಲಿ ಮುಂದುವರಿಸಿ ಮುಗಿಸಿದ. ಅದರ ಹೆಸರು 'ಕೃಷ್ಣರಾಯ ಭಾರತ'. ಮೊದಲೇ ನಾಲ್ವರು ಕೃಷ್ಣರಿದ್ದ ಕಥೆಗೆ ಹೊರಗಿನಿಂದ ಐದನೆಯವನು ಬಂದು ರಟ್ಟಿನ ಮೇಲೆ ಕುಳಿತ! ಖಾತೆಯಿಂದ ಹಣ ತೆಗೆಯುವುದೆಂದರೆ ಇದು. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿರುವಂತೆ ರಾಯ ಬೆಳಗಾಗುವ ಮೊದಲು ಎಳ್ಳೆಣ್ಣೆ ಕುಡಿದು, ಭಾರ ಎತ್ತಿ, ಕುಸ್ತಿಯಾಡಿ, ಕುದುರೆ ಓಡಿಸಿ ಬರುತ್ತಿದ್ದ. ಹಾಗಲಕಾಯಿ ರಸದ ಬಗ್ಗೆ ಪಾಯೆಸ್ ಏನೂ ಹೇಳಿಲ್ಲ.

ನಾವು ಕುಳಿತಿರುವುದು ಮೈಸೂರಿನಲ್ಲಿ. ಮಾತು ಒಡೆಯರ ಮನೆಗೆ ಬಾರದೆ ಇದ್ದೀತೇ? ಇಲ್ಲಿ ಕೃಷ್ಣರಾಜರು ನಾಲ್ವರು, ಅದರಲ್ಲಿ ಜನ ನಡೆಯುತ್ತ ಮುಟ್ಟುವುದೆಲ್ಲ ನಾಲ್ವಡಿಯವರದು. ಕೆ.ಆರ್. ವೃತ್ತ, ಕೆ.ಆರ್. ಮಾರುಕಟ್ಟೆ, ಕೆ.ಆರ್. ನಗರ, ಕೆ.ಆರ್. ಪೇಟೆ, ಕೆ.ಆರ್.ಎಸ್. ಎಡತೊರೆ ಹೋಗಿ ಕೆ.ಆರ್. ನಗರವಾಯಿತು, ಅತ್ತಿಗುಪ್ಪೆ ಹೋಗಿ ಕೆ.ಆರ್. ಪೇಟೆಯಾಯಿತು. ಕೆಲಸ ಮಾಡಿದ ಅರಸು, ಅಲ್ಲವೆನ್ನುವವರಿಲ್ಲ. 1911ರಲ್ಲಿ ಕಟ್ಟೆಯ ಕೆಲಸ, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ. ಆದರೆ ಮೇಷ್ಟ್ರಿಗೆ ಒಂದು ಹಳೆಯ ತಕರಾರಿದೆ.

"ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್‌ನಲ್ಲಿ. ಮಹಾರಾಜರಿಗೆ ಅಧಿಕಾರ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅದುವರೆಗೆ ರಾಜ್ಯಭಾರ ಮಾಡಿದವರು ತಾಯಿ, ವಾಣಿವಿಲಾಸ ಸನ್ನಿಧಾನದವರು. ಯಾರನ್ನಾದರೂ ಕೇಳಿ ನೋಡಿ, ದೀಪ ಹಚ್ಚಿದ್ದು ಯಾರು ಎಂದು!"

"ಜಂಟಿ ಖಾತೆಯಲ್ಲಿ ಹೆಸರೇ ಇಲ್ಲದವರ ಹಣವನ್ನೂ ಜಮಾ ಮಾಡಿದ್ದಾರೆ" ಎಂದು ಕಿಟ್ಟಪ್ಪ ತಲೆ ಚಚ್ಚಿಕೊಂಡ. "ನಮ್ಮ ಕಾಲದಲ್ಲಾದರೆ ಅಮಾನತು."

ಮುಮ್ಮಡಿಯವರನ್ನು ವಕೀಲರು ವಹಿಸಿಕೊಂಡರು. ಐದು ವರ್ಷದ ಹುಡುಗನನ್ನು 1799ರಲ್ಲಿ ಪಟ್ಟಕ್ಕೆ ಕೂರಿಸಿ, 1831ರಲ್ಲಿ ಆಡಳಿತ ಕಿತ್ತುಕೊಂಡ ಇಂಗ್ಲಿಷರ ವಿರುದ್ಧ ಮಹಾರಾಜರು ಪತ್ರದ ಮೇಲೆ ಪತ್ರ ಬರೆದು ಹೋರಾಡಿದ್ದು ವಕೀಲರಿಗೆ ಬಲು ಮೆಚ್ಚು. ಉಳಿದ ಹೊತ್ತಿನಲ್ಲಿ ಅವರು 'ಶ್ರೀತತ್ತ್ವನಿಧಿ' ಸಿದ್ಧಪಡಿಸಿದರು, ಚದುರಂಗದ ಕುದುರೆ ಪ್ರತಿ ಮನೆಗೂ ಒಂದೇ ಸಲ ಕಾಲಿಟ್ಟು ಇಡೀ ಹಲಗೆ ಸುತ್ತುವ ಬಗೆಯನ್ನು ಬಿಡಿಸಿದರು. ರಾಜ್ಯವಿಲ್ಲದ ರಾಜ ಅರವತ್ನಾಲ್ಕು ಮನೆಯ ರಾಜ್ಯವನ್ನಾದರೂ ಪೂರ್ತಿ ಸುತ್ತಿ ಬಂದ.

"ಇಮ್ಮಡಿಯವರು?" ಎಂದು ಕಿಟ್ಟಪ್ಪ ಕೇಳಿದ.

ಮೇಷ್ಟ್ರು ಕೆಮ್ಮಿದರು. ಇಮ್ಮಡಿ ಕೃಷ್ಣರಾಜ ಒಡೆಯರು 1734ರಿಂದ 1766ರವರೆಗೆ ಸಿಂಹಾಸನದ ಮೇಲಿದ್ದರು. ಆಳಿದವರು ದಳವಾಯಿಗಳಾದ ದೇವರಾಜಯ್ಯ, ನಂಜರಾಜಯ್ಯ. ಅವರನ್ನು ತೆಗೆದುಹಾಕಲು ಒಬ್ಬ ಚುರುಕಾದ ಮನುಷ್ಯ ಸಿಕ್ಕ. ಅವನ ಹೆಸರು ಹೈದರ್ ಅಲಿ.

ಕಿಟ್ಟಪ್ಪ ಬೆಂಚಿನಿಂದ ಎದ್ದೇ ನಿಂತ. "ಸಿಕ್ಕ ನನ್ನ ಕೃಷ್ಣ! ಮುಂದಿಟ್ಟ ಕಾಗದಕ್ಕೆ ಮೂವತ್ತೆರಡು ವರ್ಷ ಸಹಿ. ಒಬ್ಬ ಮೇಲಧಿಕಾರಿಯ ಕಾಟ ತಪ್ಪಿಸಿಕೊಳ್ಳಲು ಇನ್ನೊಬ್ಬನನ್ನು ಕರೆದರೆ, ಅವನು ಬಂದು ಕುರ್ಚಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ಇದು ಚರಿತ್ರೆಯಲ್ಲ, ನನ್ನ ಸೇವಾಪುಸ್ತಕ."

"ಆದರೆ ನೀನು ಬರಿಯ ಕೃಷ್ಣನಲ್ಲ, ಕೃಷ್ಣಮೂರ್ತಿ" ಎಂದು ನಾನು ನೆನಪಿಸಿದೆ. ಆ ಹೆಸರಿನಲ್ಲಿ ಇಬ್ಬರು ತತ್ತ್ವಜ್ಞಾನಿಗಳಿದ್ದಾರೆ: ಮದನಪಲ್ಲಿಯಲ್ಲಿ ಹುಟ್ಟಿದ ಜಿಡ್ಡು, ಮಚಲೀಪಟ್ಟಣದಲ್ಲಿ ಹುಟ್ಟಿದ ಯು.ಜಿ. ಜಿಡ್ಡು ಎಂಟನೆಯ ಮಗು, ಅದಕ್ಕೇ ಆ ಹೆಸರು. ಇಬ್ಬರನ್ನೂ ಥಿಯೊಸಾಫಿಕಲ್ ಸೊಸೈಟಿಯ ಗಾಳಿ ತಾಗಿತ್ತು. ಒಬ್ಬರು ತಮ್ಮನ್ನು ಜಗದ್ಗುರು ಮಾಡಲು ಹುಟ್ಟಿದ ಸಂಘವನ್ನೇ 1929ರಲ್ಲಿ ವಿಸರ್ಜಿಸಿ ಯಾರನ್ನೂ ಹಿಂಬಾಲಿಸಬೇಡಿ ಎಂದರು. ಇನ್ನೊಬ್ಬರು, ಹಾಗೆ ಹೇಳಿದವರ ಮಾತನ್ನೂ ಕೇಳಬೇಡಿ ಎಂದರು. ಜನ ಇಬ್ಬರ ಹಿಂದೆಯೂ ಹೋದರು, ಕೆಲವರು ದಾರಿ ತಪ್ಪಿ ಅವರ ಬದಲು ಇವರ ಹಿಂದೆ ಹೋದರು.

"ಅವರ ಸಕ್ಕರೆ ಎಷ್ಟಿತ್ತಂತೆ?" ಎಂದು ಕಿಟ್ಟಪ್ಪ ಕೇಳಿದ್ದರಿಂದ ತತ್ತ್ವಜಿಜ್ಞಾಸೆ ಅಲ್ಲಿಗೇ ನಿಂತಿತು.

ವಕೀಲರು ಮೊಬೈಲ್ ಜೇಬಿಗೆ ಸೇರಿಸುತ್ತ, ಈ ಅವ್ಯವಸ್ಥೆಯೆಲ್ಲ ಹಳೆಯ ಕಾಲದ್ದು, ಈಗಿನ ತಂದೆತಾಯಿಗಳು ಜಾಣರು ಎಂದರು. ಅವರ ಮಗ, ಸೊಸೆ ತಿಂಗಳುಗಟ್ಟಲೆ ಹುಡುಕಿ, ಜಗತ್ತಿನಲ್ಲಿ ಯಾರಿಗೂ ಇರದ ಹೆಸರೆಂದು ಮಗುವಿಗೆ ವಿಹಾನ್ ಎಂದು ಇಟ್ಟಿದ್ದಾರೆ. ಈ ವರ್ಷ ಅವನನ್ನು ಎಲ್‌ಕೆಜಿಗೆ ಸೇರಿಸಿದ್ದಾರೆ.

"ತರಗತಿಯಲ್ಲಿ ಎಷ್ಟು ಜನ ವಿಹಾನ್‌ಗಳಿದ್ದಾರೆ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ವಕೀಲರು ಸ್ವಲ್ಪ ಹೊತ್ತು ಪ್ರಶ್ನೆಯ ಸಿಂಧುತ್ವವನ್ನು ಪರಿಶೀಲಿಸಿದರು. "ನಾಲ್ವರು" ಎಂದರು. "ನಮ್ಮವನು ಮುಮ್ಮಡಿ."

"ದಳವಾಯಿ ಯಾರು?" ಎಂದ ಕಿಟ್ಟಪ್ಪ.

"ಒಬ್ಬಳು ಹುಡುಗಿ. ದಿನಾ ಇವನ ಡಬ್ಬಿಯ ಚಕ್ಕುಲಿಯನ್ನೆಲ್ಲ ಅವಳೇ ತಿನ್ನುತ್ತಾಳೆ."