ಪದ ಬೇಕು, ಅರ್ಜೆಂಟು: ಕಂಪ್ಯೂಟರಿನ ‘ಪವರ್ ಸಪ್ಲೈ’

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರಿಗೆ ಅಂತ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ‘ಪವರ್ ಸಪ್ಲೈ ಆರಿಸುವುದು ಹೇಗೆ’ ಅನ್ನುವ ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. ‘ವಿದ್ಯುತ್ ಸರಬರಾಜು’ ಅಂತ ಬರೆದಿದ್ದೆ. ತಮ್ಮ ಓದಿ, ‘ಏನಕ್ಕಾ, ಬೆಸ್ಕಾಂ ಆರಿಸೋದು ಹೇಗೆ ಅಂತಲಾ?’ ಅಂದ. ಅವನ ತಪ್ಪಿಲ್ಲ, ಬೆಸ್ಕಾಂನ ಪೂರ್ತಿ ಹೆಸರಲ್ಲೇ ವಿದ್ಯುತ್ ಸರಬರಾಜು ಇದೆ. ನನ್ನದು ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ.ಯನ್ನು 12, 5, 3.3 ವೋಲ್ಟಿನ ಡಿ.ಸಿ. ಮಾಡಿ ಒಳಗಿನ ಭಾಗಗಳಿಗೆ ಕೊಡುವ ಡಬ್ಬಿ. ಏನನ್ನಲಿ? ಹಾಗೇ ‘80 ಪ್ಲಸ್ ಬ್ರಾಂಜ್’ ಅನ್ನುವುದನ್ನು ಕಂಚು ಮಾಡಲಾ?

---

ವಿದ್ಯುತ್ ಸಂಸ್ಕೃತ, ಸರಬರಾಜು ಪಾರಸಿ. ಇದರಲ್ಲಿ ಕನ್ನಡ ಎಲ್ಲಿದೆ ತಾಯಿ? ಉಣ್ಣು, ಊಟ, ಊಡು. ಮಗುವಿಗೆ ಹಾಲೂಡಿದಳು ಅನ್ನುತ್ತೇವಲ್ಲ, ಅದೇ ಊಡು. ‘ಮಿನ್’ ನಮ್ಮ ಮಿಂಚು, ಮಿನುಗು ಎರಡರಲ್ಲೂ ಇದೆ. ಎರಡನ್ನೂ ಸೇರಿಸಿ: ಮಿನ್ನೂಡಿ. ‘ವಿದ್ಯುದೂಡಿ’ ಅಂತ ಮಾತ್ರ ಮಾಡಬೇಡಿ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದಂತಾಗುತ್ತದೆ, ಅರಿಸಮಾಸ.

---

> ಮಿನ್ನೂಡಿ

ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಒಮ್ಮೆ ಕೇಳಿ ನೋಡಿ ಸಾರ್. ಮೀನೂಟದ ಹೋಟೆಲ್ ತೋರಿಸುತ್ತಾರೆ.

ಮೇಡಂ, ಅಂಗಡಿಯಲ್ಲೂ ರಿಪೇರಿಯವನ ಬಾಯಲ್ಲೂ ಅದು ಎಸ್‌ಎಂಪಿಎಸ್ (ಸ್ವಿಚ್ಡ್ ಮೋಡ್ ಪವರ್ ಸಪ್ಲೈ). ‘ಎಸ್‌ಎಂಪಿಎಸ್ ಹೋಗಿದೆ’ ಅಂದರೆ ಹತ್ತನೇ ಕ್ಲಾಸಿನ ಹುಡುಗನಿಗೂ ಗೊತ್ತಾಗುತ್ತದೆ. ಅದನ್ನೇ ಹಾಕಿ.

ತಲೆಬರಹಕ್ಕಿಂತ ‘ವಾಟ್’ ಪಕ್ಕದಲ್ಲಿ ಯಾವ ಪದ ಇಡುತ್ತೀರಿ ಅನ್ನುವುದು ಮುಖ್ಯ. ‘650 ವಾಟ್ ಸರಬರಾಜು’ ಅಂದರೆ ಆನ್ ಮಾಡಿದ ಕೂಡಲೇ 650 ವಾಟ್ ಉರಿಯುತ್ತದೆ, ಬಿಲ್ಲು ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ಅಲ್ಲ, ಅಷ್ಟರವರೆಗೆ ಕೊಡಬಲ್ಲದು ಅಂತ ಅಷ್ಟೇ. ‘ಸಾಮರ್ಥ್ಯ’ ಅನ್ನಿ, ಎಳೆಯುವುದಕ್ಕೆ ‘ಬಳಕೆ’ ಅನ್ನಿ. ಎರಡನ್ನೂ ಬೆರೆಸಬೇಡಿ. ನಾನೇ ಒಮ್ಮೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 450 ಅಂತ ಇದ್ದದ್ದು ನೋಡಿ ಅಗ್ಗದ್ದೊಂದು ತಂದೆ, ಗೇಮ್ ತೆಗೆದರೆ ಸಾಕು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತಿತ್ತು, ವಾರ ತಲೆ ಕೆಡಿಸಿಕೊಂಡ ಮೇಲೆ ಲೇಬಲ್ಲಿನ ಸಣ್ಣ ಅಕ್ಷರ ಓದಿದರೆ 12 ವೋಲ್ಟಿಗೆ ಬರೀ 16 ಆಂಪಿಯರ್! ಗುಣಿಸಿದರೆ 192 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ನಡೆಯುವುದು ಆ 12ರ ಮೇಲೆ. ಕಾರ್ಡಿನ 8 ಪಿನ್ನಿನ ಒಂದು ಕನೆಕ್ಟರ್ ಲೆಕ್ಕವೇ 150 ವಾಟ್. ಇದನ್ನು ಕೈಪಿಡಿಯಲ್ಲಿ ಬರೆಯಿರಿ, ಪುಣ್ಯ ಬರುತ್ತದೆ.

ಬ್ರಾಂಜ್ ಬ್ರಾಂಜೇ ಇರಲಿ. ಕಂಚು ಅಂದರೆ ಡಬ್ಬಿ ಎರಕ ಹೊಯ್ದಿದ್ದಾರೆ ಅಂದುಕೊಂಡಾರು. ಅದು ದಕ್ಷತೆಯ ದರ್ಜೆ. ದಕ್ಷತೆ ಶೇ 85 ಇದ್ದರೆ ಒಳಗೆ 340 ವಾಟ್ ಕೊಡಲು ಗೋಡೆಯಿಂದ 400 ಎಳೆಯುತ್ತದೆ, ಉಳಿದದ್ದು ಬಿಸಿ.

ಮತ್ತೆ ಸಾರ್, ಅರಿಸಮಾಸ ಅಂತ ಹೆದರಿಸುವವರು ಮಳೆಗಾಲಕ್ಕೆ ಏನನ್ನುತ್ತೀರಿ?

---

‘ಕಾಲ’ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ದೋಷ ಇಲ್ಲ. ವ್ಯಾಕರಣ ಓದಿಕೊಂಡು ಬನ್ನಿ.

ಅಂಗಡಿಯವನನ್ನು ಕೇಳಿ ಪದ ಇಡುವುದಾದರೆ ಈ ಬಳಗ ಯಾಕೆ? ಈಮೇಲಿಗೆ ಮಿಂಚಂಚೆ ಅಂದಾಗಲೂ ಹೀಗೇ ನಕ್ಕಿದ್ದಿರಿ.

---

ಈಗಲೂ ನಗುತ್ತಿದ್ದೇವೆ. ಈ ಬಳಗಕ್ಕೆ ಸೇರುವಾಗ ನೀವೂ ‘ಈಮೇಲ್ ಐಡಿ’ ಅಂತಲೇ ಕೊಟ್ಟಿರುತ್ತೀರಿ.

---

ಇಬ್ಬರೂ ಸಾಕು ಮಾಡಿ. ಒಂದು ಕಾಲದಲ್ಲಿ ಎಲ್ಲಾ ಸಂಸ್ಕೃತ ಮಾಡಿದರು, ಈಗ ಎಲ್ಲಾ ಇಂಗ್ಲಿಷಿನ ಮೊದಲಕ್ಷರ. ಎಸ್‌ಎಂಪಿಎಸ್ ಬಿಡಿಸಿ ಹೇಳಿ ಅಂದರೆ ಆ ಅಂಗಡಿಯವನಿಗೂ ಬರುವುದಿಲ್ಲ. ‘ಸರಬರಾಜು’ ಪಾರಸಿಯಾದರೆ ಏನಾಯಿತು, ಖುರ್ಚಿ, ಅಂಗಿಯ ಜೇಬು ಎಲ್ಲಾ ಎಲ್ಲಿಂದ ಬಂದವು?

---

ತಲೆಬರಹಕ್ಕೆ ‘ಎಸ್‌ಎಂಪಿಎಸ್ ಆರಿಸುವುದು ಹೇಗೆ’ ಅಂತ ಹಾಕಿದೆ. ಲೇಬಲ್ ಓದುವ ಪಾಠವನ್ನೂ ಸೇರಿಸಿದೆ, ಥ್ಯಾಂಕ್ಸ್. ‘ಊಡು’ ನನಗೆ ಇಷ್ಟವಾಯಿತು ಸಾರ್, ಮೊದಲ ಸಾಲಿನಲ್ಲೇ ‘ಎಲ್ಲಾ ಭಾಗಗಳಿಗೂ ಕರೆಂಟು ಊಡುವ ಡಬ್ಬಿ’ ಅಂದಿದ್ದೇನೆ. ಕರೆಂಟು ಇಂಗ್ಲಿಷು ಅಂತ ಬೈಯಬೇಡಿ.

ಇನ್ನೊಂದು ಉಳಿದಿದೆ. ‘ಮಾಡ್ಯುಲರ್’ಗೆ? ಬೇಕಾದ ಕೇಬಲ್ ಸಿಕ್ಕಿಸಿ, ಬೇಡದ್ದನ್ನು ಕಳಚಿ ಇಡಬಹುದಾದಂಥದ್ದು. ನಾಳೆ ಮಧ್ಯಾಹ್ನದೊಳಗೆ ಹೇಳಿ.