ಹಳೇ ಹಾರ್ಡ್‌ಡಿಸ್ಕ್ ನಡುನಡುವ ನಿಂದರ್ತದ: ಕೇಬಲ್ ಕೆಟ್ಟದೋ, ಡಿಸ್ಕೇ ಹೊಂಟದೋ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)

ನಮಸ್ಕಾರ್ರಿ ಸರ. ನಮ್ಮ ತಂದೆಯವರು ಧಾರವಾಡ, ಗದಗ, ಕುಂದಗೋಳದ ನಾಡಗೀರ ವಾಡೆ ಅಂತ ಎಲ್ಲೆಲ್ಲಿ ಗಾಯನ ಇರ್ತಿತ್ತೋ ಅಲ್ಲೆಲ್ಲಾ ಟೇಪ್‌ರೆಕಾರ್ಡರ್ ಹೊತ್ಕೊಂಡು ಹೋಗಿ ಕ್ಯಾಸೆಟ್ ತುಂಬಿಸಿ ಇಟ್ಟಿದ್ರು. ಅವನ್ನೆಲ್ಲಾ ಕಂಪ್ಯೂಟರಿಗೆ ಇಳಿಸಿ, 2015ರಾಗ ತೊಗೊಂಡ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನೊಳಗ ಹಾಕೇವಿ. ಕ್ಯಾಸೆಟ್ ಬೂಷ್ಟ ಹಿಡದು ಹೋದವು, ಹಿಂಗಾಗಿ ಇದೊಂದೇ ಪ್ರತಿ. ಮನಿ ಫೋಟೋನೂ ಅದರಾಗೇ ಅವ.

ಇತ್ತೀಚಿಗೆ ಕೆಲವು ಫೋಲ್ಡರ್ ತೆರದ್ರ ಹಸರು ಪಟ್ಟಿ ಅರ್ಧಕ್ಕ ನಿಂತು ಲ್ಯಾಪ್‌ಟಾಪ್ ಗಪ್ ಕೂತುಬಿಡ್ತದ. ಒಮ್ಮೊಮ್ಮೆ ಡಿಸ್ಕೇ ಮಾಯ ಆಗಿ ತಾನಾಗೇ ವಾಪಸ್ ಬರ್ತದ. ಒಂದು ಸಲ ಫಾರ್ಮ್ಯಾಟ್ ಮಾಡ್ಬೇಕೇನು ಅಂತ ಕೇಳ್ತು, ನಾನು ಹೆದರಿ ಕ್ಯಾನ್ಸಲ್ ಒತ್ತಿದೆ. ಕೆಲವು ಫೋಟೋ ಅರ್ಧ ಬೂದಿಬಣ್ಣ ಆಗ್ಯಾವ. ನನ್ನ ಮಗ ಚೆಕ್‌ಡಿಸ್ಕ್ ಓಡಿಸೋಣು ಅಂತಾನ. ಓಡಿಸ್ಬಹುದೇನ್ರಿ?

ಉತ್ತರ (ಡೇಟಾ ರಿಕವರಿ ಕೆಲಸದವರು, ಹುಬ್ಬಳ್ಳಿ)

ಅಕ್ಕಾರ, ಕ್ಯಾನ್ಸಲ್ ಒತ್ತಿದ್ದು ಭಾಳ ಚೊಲೋ ಆತು. ಚೆಕ್‌ಡಿಸ್ಕ್ ಮಾತ್ರ ಈಗ ಬ್ಯಾಡ್ರಿ. ಅದು ಫೈಲಿನ ಪಟ್ಟಿ ಸರಿ ಮಾಡೂ ಸಾಧನ, ನಿಮ್ಮ ಹಾಡು ಉಳಿಸೂ ಸಾಧನ ಅಲ್ಲ. ಪಟ್ಟಿಗೆ ಹೊಂದದ್ದನ್ನ ಕತ್ತರಿಸಿ ತುಂಡು ಮಾಡಿ ಬ್ಯಾರೆ ಕಡೆ ಒಗೀತೈತಿ. ಅದಕ್ಕ ಸ್ಲ್ಯಾಶ್ ಆರ್ (/r) ಅನ್ನೂ ಆಯ್ಕೆ ಹಚ್ಚಿ ಓಡಿಸಿದ್ರಂತೂ ಇಡೀ ಡಿಸ್ಕ್ ತುದಿಯಿಂದ ತುದಿಗೆ ಓದಸ್ತೈತಿ. ಡಿಸ್ಕ್ ಖರೇನ ಹೊಂಟಿದ್ರ ಅದರಾಗ ಉಳದಿದ್ದ ಶಕ್ತಿ ಆ ಓದಿನಾಗ ಹೋಗ್ತೈತಿ, ನಿಮ್ಮ ಕೈಗೆ ಒಂದೂ ಫೈಲ್ ಬಂದಿರೂದಿಲ್ಲ.

ಈಗ ಕಿವಿ ಕೊಟ್ಟು ಕೇಳ್ರಿ. ಗಡಿಯಾರದಂಗ ಒಂದ ಸಮ ಟಕ್, ಟಕ್ ಅಂತ ಬಡ್ಯಾಕತ್ತು, ಲ್ಯಾಪ್‌ಟಾಪಿನಾಗ ಡಿಸ್ಕ್ ಕಾಣಸಲಿಲ್ಲ ಅಂದ್ರ ಒಳಗಿನ ಹೆಡ್ (ತಿರಗೂ ತಟ್ಟೆ ಮ್ಯಾಲಿಂದ ಓದೂ ಸಣ್ಣ ಭಾಗ) ಹೋಗಿರೂದು ಹೆಚ್ಚು. ಆಗ ವೈರ್ ಕಿತ್ತು ಇಟ್ಟುಬಿಡ್ರಿ, ಮತ್ತ ಹಚ್ಚಿ ನೋಡೂದು ಬ್ಯಾಡ. ಪೀಂ ಪೀಂ ಅಂತ ಸಣ್ಣ ದನಿ ಬಂದು ತಿರಗಲೇ ಇಲ್ಲಂದ್ರ ಹೆಡ್ ತಟ್ಟೆಗೆ ಅಂಟಿರಬಹುದು, ಇಲ್ಲಾ ಕರೆಂಟ್ ಸಾಲವಲ್ದು. ಓದುವಾಗ ಸಿಕ್ಕಲ್ಲಿ ಮಾತ್ರ ಟಿಕ್ ಟಿಕ್ ಅಂದು ಮುಂದ ಹೋದ್ರ ಇನ್ನೂ ಆಸೆ ಐತಿ.

ಕೇಬಲ್ ಸಂಶಯ ಮೊದಲ ತಗದುಬಿಡೋಣು, ಖರ್ಚು ಕಡಿಮಿ. ನಿಮ್ಮದು ಅಗಲ ಮೂತಿ ಇರೂ ಯುಎಸ್‌ಬಿ 3 ಕೇಬಲ್ ಇರಬೇಕು. ಆ ಮೂತಿಯೊಳಗ ಎರಡ ಭಾಗ ಇರ್ತಾವು. ಪೂರ್ತಿ ಕೂಡದಿದ್ರ, ಇಲ್ಲಾ ಸಡ್ಲಾದ್ರ, ಡಿಸ್ಕ್ ಯುಎಸ್‌ಬಿ 2ರ ವೇಗಕ್ಕ ಇಳೀತೈತಿ, ಇಲ್ಲಾ ಮಾಯ ಆಗಿ ಬರ್ತೈತಿ. ಬ್ಯಾರೆ ಕೇಬಲ್ ಹಚ್ರಿ. ಹಬ್ ಬ್ಯಾಡ, ನೇರ ಲ್ಯಾಪ್‌ಟಾಪಿಗೆ. ಯುಎಸ್‌ಬಿ 2 ಪೋರ್ಟ್ ಕೊಡೂದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೂದು 900. ಹಳೇ ಡಿಸ್ಕಿಗೆ ತಿರಗಾಕ ಶುರು ಮಾಡುವಾಗ 500 ಒಮ್ಮೊಮ್ಮೆ ಸಾಲೂದಿಲ್ಲ.

ಅದಾದ ಮ್ಯಾಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೂ ಪುಕಟೆ ಪ್ರೋಗ್ರಾಂ ತೆರೀರಿ. ಅದು ಡಿಸ್ಕ್ ತನ್ನ ಬಗ್ಗೆ ತಾನ ಬರದಿಟ್ಟ ಸ್ಮಾರ್ಟ್ ಲೆಕ್ಕ ಅಷ್ಟ ತೋರಸ್ತೈತಿ, ನಿಮ್ಮ ಫೈಲ್ ಮುಟ್ಟೂದಿಲ್ಲ. ಮ್ಯಾಲಿನ ಬಣ್ಣ ಯಾವುದು, 01, 05, ಸಿ5, ಸಿ6, ಸಿ7 ಸಾಲಿನ ಕೊನಿಗೆ ಏನ ಐತಿ, ಇಲ್ಲಿ ಬರೀರಿ. ನೋಡಿ ಆತಂದ್ರ ಡಿಸ್ಕ್ ತಗದಿಡ್ರಿ, ಸುಮ್ಮನ ಹಚ್ಚಿ ಇಡಬ್ಯಾಡ್ರಿ.

ಪ್ರಶ್ನೆ ಕೇಳಿದವರು

ಕೇಬಲ್ ಬದಲಿ ಮಾಡಿದ್ವಿ ಸರ, ಮಾಯ ಆಗೂದು ನಿಂತದ, ಆದ್ರ ಅದೇ ಫೋಲ್ಡರಿನಾಗ ಸಿಕ್ಕೊಳ್ಳೋದು ಹಂಗೇ ಅದ. ಟಿಕ್ ಟಿಕ್ ಅಲ್ಲೇ ಬರ್ತದ, ಬ್ಯಾರೆ ಕಡೆ ಇಲ್ಲ. ಡಿಸ್ಕ್ ಎಂದೂ ಬಿದ್ದಿಲ್ಲ. ಬಣ್ಣ ಹಳದಿ. 05ರ ಮುಂದ 10, ಸಿ5ರ ಮುಂದ ಬಿ8, ಸಿ6ರ ಮುಂದನೂ ಬಿ8, ಸಿ7 ಸೊನ್ನೆ. 01ರ ಮುಂದ ಭಾಳ ದೊಡ್ಡ ಸಂಖ್ಯಾ ಅದ, ಅದನ್ನ ನೋಡಿ ಜೀವಾ ಹಾರೇ ಹೋತು. ಡಿಸ್ಕ್ ಸೀಗೇಟಿಂದು.

ಉತ್ತರ

01 ನೋಡಿ ಹೆದರಬ್ಯಾಡ್ರಿ. ಸೀಗೇಟ್ ಡಿಸ್ಕಿನಾಗ ಆ ಸಾಲು ಓದಿನ ತಪ್ಪಿನ ಸಂಗಾಟ ಒಟ್ಟು ಎಷ್ಟ ಓದೇತಿ ಅನ್ನೂದನ್ನೂ ಸೇರಿಸಿ ಬರೀತೈತಿ, ಹೊಸಾ ಡಿಸ್ಕಿನಾಗೂ ದೊಡ್ಡದ ಇರ್ತೈತಿ.

ಈ ಪ್ರೋಗ್ರಾಂ ಸಂಖ್ಯಾನ ಹದಿನಾರರ ಲೆಕ್ಕದಾಗ ತೋರಸ್ತೈತಿ. ಬಿ8 ಅಂದ್ರ 184, 10 ಅಂದ್ರ 16. 05 ಅಂದ್ರ ಡಿಸ್ಕ್ ತಾನ ಕೆಟ್ಟೇತಿ ಅಂತ ಒಪ್ಪಿ, ಕಾದಿಟ್ಟ ಬದಲಿ ಜಾಗಾ ಕೊಟ್ಟ ಸೆಕ್ಟರ್ (ಡೇಟಾ ಬರದಿಡೂ ಸಣ್ಣ ತುಂಡು). ಸಿ5 ಅಂದ್ರ ಓದಾಕ ಹೋಗಿ ಓದಲಾರದ, ಏನ ಮಾಡಬೇಕು ಅಂತ ಇನ್ನೂ ತೀರ್ಮಾನ ಆಗದ ಸೆಕ್ಟರ್. ಸಿ6 ಅಂದ್ರ ಡಿಸ್ಕ್ ತನ್ನ ತಾನ ತಪಾಸಣಿ ಮಾಡುವಾಗ ಓದಾಕ ಬರದ ಸೆಕ್ಟರ್. ನಿಮಗ ಕಾಡೂದು ಆ ಸಿ5. ಡಿಸ್ಕ್ ಅಲ್ಲಿಗೆ ಬಂದಾಗ ಮತ್ತ ಮತ್ತ ಓದಾಕ ಹೆಣಗತೈತಿ, ವಿಂಡೋಸ್ ಕಾಯ್ತಾ ಕೂಡ್ತೈತಿ, ಅದಕ್ಕ ಲ್ಯಾಪ್‌ಟಾಪ್ ಗಪ್ ಆಗೂದು. ಒಂದ ಫೋಲ್ಡರಿನಾಗ, ಒಂದ ಜಾಗಾದಾಗ ಸಿಗಬೀಳೂದು ಕೇಬಲ್ ದೋಷದ ಲಕ್ಷಣ ಅಲ್ಲ. ಕೇಬಲ್ಲಿಗೆ ಯಾವ ಫೋಲ್ಡರ್ ಅಂತ ಏನ ಗೊತ್ತು? ನಿಮ್ಮಲ್ಲಿ ಎರಡೂ ಇದ್ದುವು. ಕೇಬಲ್ಲಿಂದು ಹೋತು, ಉಳದಿದ್ದು ಡಿಸ್ಕಿಂದ.

ಸಿ7 ಅಂದ್ರ ಡಿಸ್ಕಿನ ಕೇಬಲ್ ಮ್ಯಾಲೆ ಹಾದು ಹೋಗುವಾಗ ಡೇಟಾ ಕೆಟ್ಟ ಲೆಕ್ಕ. ಇದರ ಬಗ್ಗೆ ಒಂದ ಮಾತು, ಭಾಳ ಮಂದಿ ಇಲ್ಲಿ ತಪ್ಪಿ ಬೀಳ್ತಾರ. ಸಿ7 ಸೊನ್ನೆ ಐತಿ, ಅಂದ್ರ ಕೇಬಲ್ ಚೊಲೋ ಐತಿ ಅಂತಾರ. ಡೆಸ್ಕ್‌ಟಾಪಿನ ಒಳಗಿನ ಡಿಸ್ಕಿಗೆ ಅದು ಖರೆ. ಎಕ್ಸ್‌ಟರ್ನಲ್ಲಿಗೆ ಹೊರಗಿನ ಯುಎಸ್‌ಬಿ ಕೇಬಲ್ ಆ ಲೆಕ್ಕದಾಗ ಬರೂದ ಇಲ್ಲ. ಅದಕ್ಕ ಕೇಬಲ್ ಬದಲಿ ಮಾಡೇ ನೋಡಬೇಕು.

ಹಂಗ ನೋಡಿದ್ರ ನಿಮ್ಮ ಡಿಸ್ಕ್ ಮೊದಲ ಹೇಳಿ ಹೊಂಟೈತಿ. ಎಲ್ಲಾವೂ ಹಿಂಗ ಹೇಳೂದಿಲ್ಲ. ಗೂಗಲ್‌ನವರು 2007ರಾಗ ತಮ್ಮ ಡಿಸ್ಕುಗಳ ಅಧ್ಯಯನ ಪ್ರಕಟ ಮಾಡಿದ್ರು. ಕೆಟ್ಟ ಡಿಸ್ಕಿನಾಗ ಅರ್ಧಕ್ಕಿಂತ ಹೆಚ್ಚು, ಮುಖ್ಯ ನಾಕ ಸ್ಮಾರ್ಟ್ ಸೂಚನಿಯೊಳಗ ಒಂದನ್ನೂ ತೋರಸದ ಕೆಟ್ಟಿದ್ದುವು. ಹಂಗಾಗಿ ನೀಲಿ ಬಣ್ಣ ನೋಡಿ ಯಾರೂ ನಿಶ್ಚಿಂತಿ ಆಗಬ್ಯಾಡ್ರಿ. ಹಳದಿ ಕಂಡ್ರ ಮಾತ್ರ ಆವತ್ತ ಕಾಪಿ ಶುರು ಮಾಡ್ರಿ.

ಸದಸ್ಯರು (ಬೆಟಗೇರಿ)

ಸರ, ಫುಲ್ ಫಾರ್ಮ್ಯಾಟ್ ಹೊಡದ್ರ ಹಳದಿ ಹೋಗಿ ನೀಲಿ ಆಗ್ತೈತಿ, ನಂದಾಗೇತಿ. ಇನ್ನೊಂದು, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಫ್ರಿಜ್ಜಿನಾಗ ಇಟ್ಟು ತಗದ್ರ ಸ್ವಲ್ಪ ಹೊತ್ತು ಓಡ್ತೈತಂತ, ಕೇಳೇನಿ.

ಉತ್ತರ

ಅಣ್ಣಾರ, ನೀಲಿ ಆಗೂದು ಖರೆ. ಓದಲಾರದ ಸೆಕ್ಟರಿನ ಮ್ಯಾಲೆ ಹೊಸದು ಬರದ್ರ ಡಿಸ್ಕಿನ ಸಂದಿಗ್ಧ ತೀರತೈತಿ. ಬರಹ ನಿಂತ್ರ ಸಿ5ರಿಂದ ಕಳೀತೈತಿ, ನಿಲ್ಲಲಿಲ್ಲಂದ್ರ ಬದಲಿ ಜಾಗಾ ಕೊಟ್ಟು 05ಕ್ಕ ಸೇರಸ್ತೈತಿ. ಲೆಕ್ಕ ಸ್ವಚ್ಛ ಆಗ್ತೈತಿ, ಅಲ್ಲಿದ್ದ ಹಾಡೂ ಅದರ ಸಂಗಾಟ ಹೋಗ್ತೈತಿ. ಅಂಥಾ ಡಿಸ್ಕಿನಾಗ ಸಿನಿಮಾ ಹಾಕ್ಕೊಂಡು ನೋಡ್ರಿ, ಮದವಿ ಆಲ್ಬಮ್ ಇಡಬ್ಯಾಡ್ರಿ.

ಫ್ರಿಜ್ಜಿನ ಮಾತು ಮರತುಬಿಡ್ರಿ. ಹೊರಗ ತಗದ ಕೂಡಲೇ ಹಸಿ ಹಿಡೀತೈತಿ. ಹೆಡ್ ತಟ್ಟೆ ಮ್ಯಾಲೆ ತೇಲೂದು ಕೆಲವ ನ್ಯಾನೋಮೀಟರ್ ಎತ್ತರದಾಗ, ಅಲ್ಲಿ ನೀರಿನ ಪಸೆ ಕೂತ್ರ ನಾವೂ ಏನೂ ಮಾಡಾಕ ಬರೂದಿಲ್ಲ.

ಪ್ರಶ್ನೆ ಕೇಳಿದವರು

ಹಂಗಾದ್ರ ಈಗ ಕಾಪಿ ಹೆಂಗ ಮಾಡ್ಬೇಕ್ರಿ? ಹಾಡಿನ ಫೈಲ್ ಎಳದ್ರ ಅರ್ಧಕ್ಕ ಎರರ್ ಬಂದು ಇಡೀ ಫೈಲೇ ಬರವಲ್ದು.

ಉತ್ತರ

ಅಕ್ಕಾರ, ನಿಮ್ಮ ಪರಿಸ್ಥಿತಿ ನೀವು ತಿಳದಷ್ಟು ಕೆಟ್ಟಿಲ್ಲ. ಹೆಂಗಂತ ಲೆಕ್ಕ ಹಾಕೋಣು. 184 ಸೆಕ್ಟರ್, ಒಂದೊಂದು 4096 ಬೈಟ್ ಅಂತ ದೊಡ್ಡ ಲೆಕ್ಕನ ಹಿಡದ್ರೂ ಒಂದ ಎಂಬಿ ಒಳಗ ಆಗ್ತೈತಿ. ಇದು ಡಿಸ್ಕ್ ಈವರೆಗೆ ಎಡವಿದ ಜಾಗಾದ ಲೆಕ್ಕ ಅಷ್ಟ, ಮುಂದ ಇನ್ನೂ ಸಿಗಬಹುದು. ಆದ್ರ 1 ಟಿಬಿಯೊಳಗ ಅದು ಚೂರು. ವಿಂಡೋಸ್ ಕಾಪಿ ಮಾಡೂ ರೀತಿ ಹೆಂಗಂದ್ರ, ಫೈಲಿನಾಗ ಒಂದ ಸೆಕ್ಟರ್ ಓದಾಕ ಬರಲಿಲ್ಲಂದ್ರ ಇಡೀ ಫೈಲ್ ಕೈಬಿಡ್ತೈತಿ. ಅರವತ್ತ ನಿಮಿಷದ ಕ್ಯಾಸೆಟ್ ಸುಮಾರು 600 ಎಂಬಿ, ಒಂದ ಚುಕ್ಕಿ ಸಲುವಾಗಿ ಅಷ್ಟೂ ಹೋತು.

ನಿಮ್ಮ ಹಾಡು ವೇವ್ ಫೈಲ್ (ಒತ್ತಿ ಸಣ್ಣ ಮಾಡದ ಧ್ವನಿ ಫೈಲ್) ಇದ್ರ ನಿಮ್ಮ ಪುಣ್ಯ. ಸಿಡಿ ಮಟ್ಟದ ವೇವ್ ಒಂದ ಸೆಕೆಂಡಿಗೆ 1,76,400 ಬೈಟ್ ತೊಗೋತೈತಿ. 4096 ಬೈಟ್ ಹೋದ್ರ ಹೋಗೂದು ಸೆಕೆಂಡಿನ ನಲವತ್ತರಾಗ ಒಂದ ಪಾಲಿನಷ್ಟು. ವಿಲಂಬಿತ ಖ್ಯಾಲಿನ ನಡಕ ಒಂದ ಸಣ್ಣ ಚಟ್ ಅಂದೀತು, ಹಾಡು ಮುಂದ ಹೋಗ್ತೈತಿ. ಫೋಟೋದ್ದು ಹಂಗಲ್ಲ. ಜೆಪೆಗ್ ಒತ್ತಿ ಸಣ್ಣ ಮಾಡಿದ ಫೈಲು, ಒಂದ ಕಡೆ ಕೊಂಡಿ ತಪ್ಪಿದ್ರ ಅದರ ಕೆಳಗಿಂದೆಲ್ಲಾ ಕೆಡ್ತೈತಿ. ಅರ್ಧ ಬೂದಿ ಆಗೂದು ಅದಕ್ಕ.

ಹಂಗಾಗಿ ಫೈಲ್ ಎಳಿಯೂದು ಬಿಡ್ರಿ, ಇಡೀ ಡಿಸ್ಕಿನ ಪ್ರತಿ ತಗೀರಿ. ಡಿಡಿ‌ರೆಸ್ಕ್ಯೂ ಅಂತ ಪುಕಟೆ ಸಾಧನ ಐತಿ. ಸಿಸ್ಟಮ್‌ರೆಸ್ಕ್ಯೂ ಅನ್ನೂ ಲಿನಕ್ಸ್ ಪೆನ್‌ಡ್ರೈವಿಗೆ ಹಾಕಿ ಅದರಿಂದ ಲ್ಯಾಪ್‌ಟಾಪ್ ಚಾಲೂ ಮಾಡಿದ್ರ ಅದರಾಗ ಇದು ಇರ್ತೈತಿ. ಇದರ ಗುಣ ಏನಂದ್ರ, ಸುಲಭ ಓದಾಕ ಬರೂದನ್ನೆಲ್ಲಾ ಮೊದಲ ಬಾಚ್ಕೊಂತೈತಿ, ಸಿಗಬಿದ್ದ ಜಾಗಾ ಜಿಗದು ಗುರುತು ಹಾಕಿ ಇಡ್ತೈತಿ, ಕಡೀಕ ವಾಪಸ್ ಬಂದು ಅವನ್ನ ಕೆದರತೈತಿ. ಡಿಸ್ಕ್ ನಡಕ ಸತ್ತರೂ ಬಹಳಷ್ಟು ಕೈಗೆ ಬಂದಿರ್ತೈತಿ. ಮಾಯ ಆಗಿ ಬಂದ್ರ ಬಿಟ್ಟಲ್ಲಿಂದ ಮತ್ತ ಹಿಡೀತೈತಿ, ಆದ್ರ ಆ ಗುರುತು ಬರದಿಡೂ ಮ್ಯಾಪ್ ಫೈಲನ್ನ ಬ್ಯಾರೆ ಪೆನ್‌ಡ್ರೈವಿನಾಗ ಇಡಬೇಕು. ಮರತ್ರ ಲ್ಯಾಪ್‌ಟಾಪ್ ಬಂದ್ ಆದಾಗ ಆ ಗುರುತೂ ಹೋಗ್ತೈತಿ.

ಮಗನಿಗೆ ಹೇಳ್ರಿ: ಹೊಸಾ 2 ಟಿಬಿ ಡಿಸ್ಕ್ ತೊಗೊಂಡು, ಹಳೇದರಿಂದ ಅದಕ್ಕ. ಯಾವುದು ಯಾವುದಕ್ಕ ಅನ್ನೂದನ್ನ ಡಿಸ್ಕಿನ ಅಳತಿ ನೋಡಿ ಇಬ್ಬರೂ ಸೇರಿ ಖಾತ್ರಿ ಮಾಡ್ಕೋರಿ. ಅದಲು ಬದಲಾತಂದ್ರ ಖಾಲಿ ಡಿಸ್ಕ್ ನಿಮ್ಮ ಹಾಡಿನ ಮ್ಯಾಲೆ ಬರೀತೈತಿ, ಆಮ್ಯಾಲೆ ನನ್ನಂಥಾವರ ಹತ್ರ ಬಂದೂ ಉಪಯೋಗಿಲ್ಲ. ಇಬ್ಬರಿಗೂ ಕೈ ಬರವಲ್ದು ಅನಿಸಿದ್ರ ಬಿಟ್ಟು ಹತ್ತಿರದ ರಿಕವರಿ ಅಂಗಡಿಗೆ ಕೊಡ್ರಿ, ಅದರಾಗ ನಾಚಿಕಿ ಇಲ್ಲ.

ಯುಎಸ್‌ಬಿ 2ರ ವೇಗದಾಗ 1 ಟಿಬಿಗೆ ಎಂಟ ತಾಸು ಬೇಕು, ಯುಎಸ್‌ಬಿ 3ರಾಗ ಅದರ ಅರ್ಧಕ್ಕಿಂತ ಕಡಿಮಿ. ಕೆಟ್ಟ ಜಾಗಾ ಕೆದರೂದು ರಾತ್ರಿಯಿಡೀ ಹಿಡದೀತು. ಡಿಸ್ಕ್ ಮೇಜಿನ ಮ್ಯಾಲೆ ಸಪಾಟ ಇಡ್ರಿ, ಫ್ಯಾನ್ ಹಚ್ರಿ, ಲ್ಯಾಪ್‌ಟಾಪ್ ಚಾರ್ಜಿಗೆ ಇರಲಿ, ನಿದ್ದಿಗೆ ಹೋಗದಂಗ ಮಾಡ್ರಿ. ಪ್ರತಿ ಮುಗದ ಮ್ಯಾಲೆ ಆ ಪ್ರತಿ ಮ್ಯಾಲೆ ನಿಮ್ಮ ಮಗ ಚೆಕ್‌ಡಿಸ್ಕ್ ಓಡಸಲಿ, ಅಡ್ಡಿ ಇಲ್ಲ. ನಡಕ ಟಕ್ ಟಕ್ ಒಂದ ಸಮ ಶುರು ಆತಂದ್ರ ವೈರ್ ಕೀಳ್ರಿ.

ಸದಸ್ಯರು (ಬ್ಯಾಡಗಿ)

ನಂದೂ ಒಂದ ಕೇಳೂದೈತಿ. ಮೆಣಸಿನಕಾಯಿ ಅಂಗಡಿ ಟ್ಯಾಲಿ ಬ್ಯಾಕಪ್ ಡಿಸ್ಕು. ಎರರ್ ಇಲ್ಲ, ಬಣ್ಣ ನೀಲಿ, ಆದ್ರ ಕಾಪಿ ಮಾಡುವಾಗ ಮೊದಲ ಜೋರ ಹೋಗಿ ಆಮ್ಯಾಲೆ ಕುಂಟಾಕತ್ತೈತಿ. ಇದೂ ಹೊಂಟೈತೇನು? ಕೇಸ್ ಬಿಚ್ಚಿ ನೇರ ಕಂಪ್ಯೂಟರಿಗೆ ಹಚ್ಚಿ ನೋಡ್ಲ್ಯಾ?

ಉತ್ತರ

ಸಾವಕಾರ್ರ, ಬಿಚ್ಚಬ್ಯಾಡ್ರಿ. ಈಗಿನ ಎಷ್ಟೋ ಸಣ್ಣ ಡಿಸ್ಕಿನಾಗ ಯುಎಸ್‌ಬಿ ಪೋರ್ಟ್ ಬೋರ್ಡಿಗೇ ಬೆಸಿಗಿ ಹಾಕಿರ್ತಾರ, ಒಳಗ ನೇರ ಹಚ್ಚೂ ಜಾಗಾನ ಇರೂದಿಲ್ಲ. ನಿಮ್ಮ ಕುಂಟೂದು ಎಸ್‌ಎಂಆರ್ ಡಿಸ್ಕಿನ ಸ್ವಭಾವ ಇರಬಹುದು. ಅದರಾಗ ಬರಹದ ಸಾಲು ಒಂದರ ಮ್ಯಾಲೆ ಒಂದು ಹಂಚಿನಂಗ ಹೊಂದಿಸಿರ್ತಾರ, ಹಂಗಾಗಿ ಒಂದೇ ಸವನ ಭಾಳ ಬರದ್ರ ದಮ್ಮು ಹತ್ತತೈತಿ. ಬರಿಯೂದು ನಿಧಾನ, ಓದೂದು ಸರಳ ಅಂದ್ರ ಅದ. ಓದುವಾಗೂ ಒಂದ ಜಾಗಾದಾಗ ನಿಂತ್ರ ಆವಾಗ ಬರ್ರಿ. ಅಂಗಡಿ ಲೆಕ್ಕ ಒಂದೇ ಡಿಸ್ಕಿನಾಗ ಐತಿ ಅಂದ್ರ ಮಾತ್ರ ನನಗ ಸಿಟ್ಟು ಬರ್ತೈತಿ ನೋಡ್ರಿ.

ಪ್ರಶ್ನೆ ಕೇಳಿದವರು

ಆತ್ರಿ ಸರ! ಮಗ ಮಾಡ್ದ. ಕಡೀಗೆ ಓದ್ಲಾರದ್ದು ಬರೇ ನೂರರ ಒಳಗಿನ ಕೆಬಿ ಉಳೀತು. ಯಮನ್ ಒಂದರಾಗ ಚಟ್ ಅಂತದ, ನೀವು ಹೇಳಿದಂಗೇ. ಕೆಲವು ಫೋಟೋ ಹೋದ್ವು, ಇರ್ಲಿ. ಹಳೇದು ಕಸಕ್ಕ ಹಾಕ್ಲ್ಯಾ? ಎರಡನೇ ಪ್ರತಿ ಎಸ್‌ಎಸ್‌ಡಿಯೊಳಗ ಇಟ್ಟು ಕಪಾಟಿನಾಗ ಹಾಕಿದ್ರ ಗಟ್ಟಿ ಅಂತಾರ, ಖರೇನಾ?

ಉತ್ತರ

ಭೇಷ್ ಮಗ! ಹಳೇದನ್ನ ಈಗ ಒಗೀಬ್ಯಾಡ್ರಿ. ಪ್ರತಿ ಫೋಲ್ಡರಿನ ಹಾಡು ನಡನಡಕ ಹಚ್ಚಿ ಕೇಳೂತನಕ ಒಣಾ ಜಾಗಾದಾಗ ಇಡ್ರಿ. ಹೋದ ಫೋಟೋದಾಗ ಯಾವುದರ ಭಾಳ ಬೇಕಾಗಿದ್ರ ಆವಾಗ ಲ್ಯಾಬಿಗೆ ಕೊಡಬಹುದು. ಕೊಡೂ ಮುಂಚೆ ಡಿಸ್ಕ್ ಎಲ್ಲಿ ತೆರೀತೀರಿ ಅಂತ ಕೇಳ್ರಿ. ಧೂಳಿಲ್ಲದ ಕೋಣಿ ಬಿಟ್ಟು ಟೇಬಲ್ ಮ್ಯಾಲೆ ಸ್ಕ್ರೂ ಬಿಚ್ಚಾವರಿದ್ರ ವಾಪಸ್ ಬರ್ರಿ.

ಎಸ್‌ಎಸ್‌ಡಿ ಅಂದ್ರ ತಿರಗೂ ತಟ್ಟೆ ಇಲ್ಲದ, ಚಿಪ್ಪಿನಾಗ ಚಾರ್ಜ್ ರೂಪದಾಗ ಡೇಟಾ ಇಡೂ ಡಿಸ್ಕ್. ಬಿದ್ರೂ ಬಾಳತೈತಿ, ಅದು ಖರೆ. ಆದ್ರ ವರ್ಷಗಟ್ಟಲೆ ಕರೆಂಟಿಲ್ಲದ ಕಪಾಟಿನಾಗ ಇಡೂ ವಸ್ತು ಅಲ್ಲ, ಒಳಗಿನ ಚಾರ್ಜ್ ನಿಧಾನಕ್ಕ ಸೋರತೈತಿ. ನಿಮ್ಮ ಕೆಲಸಕ್ಕ ಇನ್ನೊಂದ ಸಾದಾ ಹಾರ್ಡ್‌ಡಿಸ್ಕ್ ಸಾಕು. ಅದನ್ನ ಬ್ಯಾರೆ ಊರಿನಾಗಿರೂ ಬಳಗದವರ ಮನ್ಯಾಗ ಇಡ್ರಿ, ದೀಪಾವಳಿಗೆ ಬಂದಾಗ ತರಸಿ ಒಮ್ಮೆ ಹಚ್ಚಿ ಸಿ5 ನೋಡ್ರಿ.