ಬೂದಿಗುಡ್ಡದ ಒಂದು ಗಟ್ಟಿಯಿಂದ ಅಂದಿನ ಜನರನ್ನು ಎಷ್ಟರಮಟ್ಟಿಗೆ ಅರಿಯಬಹುದು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಕುಡತಿನಿಯ ಬೂದಿಗುಡ್ಡದ ಬುಡದಲ್ಲಿ ಬಿದ್ದಿತ್ತೆಂದು, ಮುಷ್ಟಿಗಾತ್ರದ ಗಟ್ಟಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ನೋಡಲು ಕುಲುಮೆಯ ಕಿಟ್ಟದಂತಿದೆ, ಆದರೆ ಕೈಗೆತ್ತಿಕೊಂಡರೆ ಅಷ್ಟು ಭಾರವಿಲ್ಲ. ಮೈತುಂಬ ಸಣ್ಣ ಸಣ್ಣ ತೂತುಗಳಿವೆ, ಮುರಿದ ಕಡೆಯಲ್ಲಿ ಹಸಿರು ಬೆರೆತ ಗಾಜಿನಂಥ ಹೊಳಪಿದೆ. ಒಂದು ಪಕ್ಕದಲ್ಲಿ ಮೆತ್ತಗಿನ ಬೂದಿ ಇನ್ನೂ ಅಂಟಿಕೊಂಡಿದ್ದು, ಬೆರಳಿಂದ ಉಜ್ಜಿದರೆ ಕೈಗೆ ಹತ್ತುತ್ತದೆ.

ಅದು ಹಿಡಿಂಬಾಸುರನನ್ನು ಭೀಮ ಕೊಂದು ಸುಟ್ಟ ಬೂದಿ ಎಂದು ಆ ಹುಡುಗನ ಅಜ್ಜಿ ಹೇಳಿದ್ದಾರೆ. ಹಂಪಿಯ ಕಡೆಯಿಂದ ಬಂದ ಇನ್ನೊಬ್ಬಳು ವಿದ್ಯಾರ್ಥಿನಿ, ತಮ್ಮ ಸೀಮೆಯ ನಿಂಬಾಪುರದಲ್ಲೂ ಇಂಥದೇ ದಿಬ್ಬವಿದೆ, ಅದು ವಾಲಿಯನ್ನು ದಹಿಸಿದ ಜಾಗ ಎಂದಳು. ಇವು ನವಶಿಲಾಯುಗದ ಜನರು ದನದ ಸಗಣಿಯನ್ನು ಸುಟ್ಟು ಆದ ದಿಬ್ಬಗಳು ಎಂದು ನಾನು ಓದಿದ್ದನ್ನು ಹೇಳಿದೆ. ಆಗ ಆ ಹುಡುಗ ಕೇಳಿದ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ: "ಅಜ್ಜಿನೂ ಬೂದಿ ನೋಡಿ ಹೇಳ್ಯಾಳ, ಅವರೂ ಬೂದಿ ನೋಡೇ ಹೇಳ್ಯಾರ. ಅವರ ಮಾತು ಖರೆ ಅಂತ ಹೆಂಗ್ರಿ ಟೀಚರ್?"

ತಿಳಿದವರಲ್ಲಿ ನನ್ನ ವಿನಂತಿ ಇಷ್ಟೇ. ಸಗಣಿಯೆಂಬ ನಿರ್ಣಯಕ್ಕೆ ಆಧಾರವೇನು? ಅಲ್ಲಿಂದ ಮುಂದೆ "ಅವರು ಪಶುಪಾಲಕರು", "ದನಗಳಿಗೆ ಸಂಬಂಧಿಸಿದ ಆಚರಣೆ ಮಾಡುತ್ತಿದ್ದರು" ಎಂದೆಲ್ಲ ಹೇಳುವಾಗ ಎಲ್ಲಿಯವರೆಗೆ ಸಾಕ್ಷ್ಯವಿದೆ, ಎಲ್ಲಿಂದ ಊಹೆ ಶುರುವಾಗುತ್ತದೆ?

ಉತ್ತರ: ಸ್ತರವಿನ್ಯಾಸ

ಶಿಕ್ಷಕಿಯವರಿಗೆ ನಮಸ್ಕಾರ. ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಪುರಾತತ್ತ್ವದ ಬುಡಕ್ಕೇ ಕೈಹಾಕುವಂಥದ್ದು. ನಾನು ವಿದ್ಯಾರ್ಥಿಯಾಗಿದ್ದಾಗ ಎರಡು ಹಂಗಾಮು ಉತ್ಖನನದಲ್ಲಿ ಕೆಲಸ ಮಾಡಿದವನು. ಆ ಅನುಭವ ಮತ್ತು ನಂತರದ ಓದಿನ ಬಲದಿಂದ ಉತ್ತರಿಸುತ್ತೇನೆ.

ಮೊದಲಿಗೆ, ವಿದ್ವಾಂಸರೂ ಒಮ್ಮೆಲೇ ಸಗಣಿಯೆಂಬ ತೀರ್ಮಾನಕ್ಕೆ ಬಂದವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಿಬ್ಬಗಳ ಬಗ್ಗೆ ಬರೆದ ಕ್ಯಾಪ್ಟನ್ ನ್ಯೂಬೋಲ್ಡ್ ಅವರ ಕಾಲದಿಂದ ನೂರು ವರ್ಷಕ್ಕೂ ಮಿಕ್ಕಿ ಈ ಚರ್ಚೆ ನಡೆಯಿತು. ಜ್ವಾಲಾಮುಖಿಯ ಬೂದಿ, ಲೋಹ ಕರಗಿಸಿದ ಕುಲುಮೆಯ ಕಿಟ್ಟ, ಯಜ್ಞದ ಅವಶೇಷ, ವಿಜಯನಗರದ ಕಾಲದ ಸಾಮೂಹಿಕ ದಹನ ಎಂದೆಲ್ಲ ವಾದಗಳಿದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರು ದಿಬ್ಬಗಳ ಸುತ್ತಮುತ್ತ ಕಲ್ಲಿನ ಕೊಡಲಿ, ಮಡಕೆಯ ಚೂರು ಮತ್ತು ದನದ ಮೂಳೆಗಳು ಸಿಗುವುದನ್ನು ಗಮನಿಸಿ, ಇವು ಕಲ್ಲಿನ ಉಪಕರಣ ಬಳಸುತ್ತಿದ್ದವರ ದನದ ದೊಡ್ಡಿಗಳಿಗೆ ಸಂಬಂಧಿಸಿದವು ಎಂಬ ಕಡೆಗೆ ವಾಲಿದರು. ಅದು ಸರಿಯಾದ ದಿಕ್ಕು, ಆದರೆ ಆಗಿನ್ನೂ ಅಭಿಪ್ರಾಯ ಮಾತ್ರ.

ಅಭಿಪ್ರಾಯವನ್ನು ನಿರ್ಣಯದತ್ತ ಒಯ್ದದ್ದು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳಿಂದ ಬಂದ ಸಾಕ್ಷ್ಯ. ಒಂದು ಪ್ರಯೋಗಾಲಯದ್ದು. ಹುಲ್ಲಿನ ಜೀವಕೋಶಗಳಲ್ಲಿ ಸಿಲಿಕ (ಮರಳಿನಲ್ಲಿರುವ ಖನಿಜಾಂಶ) ತುಂಬಿಕೊಂಡು ಅತಿಸೂಕ್ಷ್ಮ ಅಚ್ಚುಗಳಾಗಿ ನಿಲ್ಲುತ್ತದೆ, ಇವನ್ನು ಫೈಟೋಲಿತ್ ಎನ್ನುತ್ತಾರೆ. ಹುಲ್ಲು ದನದ ಹೊಟ್ಟೆಯಲ್ಲಿ ಜೀರ್ಣವಾದರೂ ಸಗಣಿ ಸುಟ್ಟರೂ ಇವು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. 1960ರ ಸುಮಾರಿಗೆ ಫ್ರೆಡರಿಕ್ ಝೋಯ್ನರ್ ಅವರು ಈ ದಿಬ್ಬಗಳ ಬೂದಿಯನ್ನು ಸೂಕ್ಷ್ಮದರ್ಶಕದಲ್ಲೂ ರಾಸಾಯನಿಕವಾಗಿಯೂ ಪರೀಕ್ಷಿಸಿ, ಅದು ಸುಟ್ಟ ಸಗಣಿಗೆ ಹೊಂದುತ್ತದೆಂದು ತೋರಿಸಿದರು. ಬೂದಿಯಲ್ಲಿರುವ ಕ್ಷಾರದ ಅಂಶ ಸಿಲಿಕವನ್ನು ಅದು ತಾನಾಗಿ ಕರಗುವುದಕ್ಕಿಂತ ಕಡಿಮೆ ಶಾಖಕ್ಕೇ ಕರಗಿಸುತ್ತದೆ. ಕರಗಿ ಆರಿದ್ದೇ ನಿಮ್ಮ ಮೇಜಿನ ಮೇಲಿರುವ ಗಾಜಿನಂಥ ಗಟ್ಟಿ. ಅದು ಕಬ್ಬಿಣದ ಕಿಟ್ಟದಷ್ಟು ಭಾರವಿಲ್ಲದಿರುವುದೂ ಅದಕ್ಕಾಗಿಯೇ.

ಇನ್ನೊಂದು ಉತ್ಖನನದ್ದು. ಈಗ ತೆಲಂಗಾಣಕ್ಕೆ ಸೇರಿರುವ ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ 1957ರಲ್ಲಿ ಬೂದಿದಿಬ್ಬವೊಂದನ್ನು ಸ್ತರಸ್ತರವಾಗಿ ಅಗೆದರು. ಬೂದಿಯ ಪದರಗಳ ನಡುವೆ ಸಾಲುಸಾಲಾಗಿ ಕಂಬ ನೆಟ್ಟಿದ್ದ ಗುಳಿಗಳು ಸಿಕ್ಕವು. ದನಗಳನ್ನು ಕೂಡಿಹಾಕಲು ಒಂದು ಬೇಲಿ, ಅದರ ಹೊರಗೆ ಜನರಿದ್ದ ಜಾಗವನ್ನು ಒಳಗೊಂಡ ಇನ್ನೊಂದು ಬೇಲಿ. ಅದೇ ಜಾಗದಲ್ಲಿ ದೊಡ್ಡಿ ಸುಟ್ಟದ್ದು, ಮತ್ತೆ ಕಟ್ಟಿದ್ದು ಹಲವು ಬಾರಿ ನಡೆದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪದರದ ಮೇಲ್ಮೈಯಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಉಳಿದಿದ್ದವು. ಮೆತ್ತಗಿನ ನೆಲದಲ್ಲಿ ಎರಡು ಸೀಳಾಗಿ ಊರಿದ ಗೊರಸು ನಾಲ್ಕು ಸಾವಿರ ವರ್ಷದ ಮೇಲೆ ಬೆಳಕಿಗೆ ಬಂದದ್ದನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆದ್ದರಿಂದ ನಿಮ್ಮ ಹುಡುಗನಿಗೆ ಹೀಗೆ ಹೇಳಬಹುದು. ಅಜ್ಜಿಯ ಮಾತು ಬೂದಿ ಇದೆಯೆಂಬುದನ್ನು ಮಾತ್ರ ವಿವರಿಸುತ್ತದೆ. ಸಗಣಿಯ ವಿವರಣೆ ಬೂದಿಯನ್ನೂ, ಅದರೊಳಗಿನ ಹುಲ್ಲಿನ ಕಣವನ್ನೂ, ಕಂಬಗುಳಿಯನ್ನೂ, ಗೊರಸನ್ನೂ, ಸುತ್ತಲಿನ ಮೂಳೆಯನ್ನೂ ಒಟ್ಟಿಗೆ ವಿವರಿಸುತ್ತದೆ. ಇದಕ್ಕಿಂತ ಮಿಗಿಲಾಗಿ, ಅದು ಸುಳ್ಳಾಗುವ ದಾರಿಯೂ ಇತ್ತು. ಬೂದಿಯಲ್ಲಿ ಹುಲ್ಲಿನ ಕಣದ ಬದಲು ಕಬ್ಬಿಣದ ಅಂಶವೇ ಹೇರಳವಾಗಿ ಸಿಕ್ಕಿದ್ದರೆ ಕುಲುಮೆಯ ವಾದವೇ ಗೆಲ್ಲುತ್ತಿತ್ತು.

ಉತ್ತರ: ಹಗರಿ ದಂಡೆಯ ರೈತ

ಮೇಲಿನವರ ವಿವರಣೆ ಬಹಳ ಚೆನ್ನಾಗಿದೆ. ನಾನು ಪುರಾತತ್ತ್ವ ಓದಿದವನಲ್ಲ, ಆದರೆ ದನ ಕಟ್ಟಿದ ಮನೆಯಲ್ಲಿ ಬೆಳೆದವನು, ಹಾಗಾಗಿ ನನಗೊಂದು ಸಂದೇಹವಿದೆ.

ಬೇಸಿಗೆಯಲ್ಲಿ ತಿಪ್ಪೆಗೆ ಕಿಡಿ ಬಿದ್ದರೆ ಏನಾಗುತ್ತದೆಂದು ಹಳ್ಳಿಯವರೆಲ್ಲ ಬಲ್ಲರು. ಉರಿ ಏಳುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡಿ ಕೊನೆಗೆ ಬಿಳಿಚಿಕೊಂಡ ಹಗುರ ಬೂದಿ ಉಳಿಯುತ್ತದೆ. ಗಾಜಾದದ್ದನ್ನು ನಾನು ಕಂಡಿಲ್ಲ. ಹಾಗಿದ್ದರೆ ಈ ಗಟ್ಟಿಗಳು ಹೇಗಾದವು? ಎರಡನೆಯದಾಗಿ, ಗೊಬ್ಬರವೆಂದರೆ ರೈತನಿಗೆ ಹಣ. ಈ ದಿಬ್ಬಗಳ ಬೂದಿಯನ್ನೇ ಗಾಡಿಯಲ್ಲಿ ತುಂಬಿ ಹೊಲಕ್ಕೆ ಹಾಕಿದವರಿದ್ದಾರೆ. ಅಂಥದ್ದರಲ್ಲಿ ಆ ಜನ ನೂರಾರು ವರ್ಷ ಸಗಣಿಯನ್ನು ಒಟ್ಟಿ ಸುಟ್ಟರೆಂದರೆ ಅವರಿಗೆ ಬೇಸಾಯ ಗೊತ್ತಿರಲಿಲ್ಲವೆಂದು ತಿಳಿಯಬೇಕೇ?

ಉತ್ತರ: ಸ್ತರವಿನ್ಯಾಸ

ಸಂದೇಹ ಸರಿಯಾದ ಜಾಗದಲ್ಲೇ ಇದೆ, ಅಣ್ಣಾವರೇ. ದಿಬ್ಬಗಳನ್ನು ಸೀಳಿ ನೋಡಿದಾಗ ಎರಡು ಬಗೆಯ ಪದರಗಳು ಕಾಣುತ್ತವೆ. ನೀವು ಹೇಳಿದಂಥ ಮೆತ್ತಗಿನ ಬೂದುಬಣ್ಣದ ಬೂದಿ ಒಂದು, ಗಟ್ಟಿಯಾಗಿ ಗಾಜುಗಟ್ಟಿದ್ದು ಇನ್ನೊಂದು. ಮೊದಲನೆಯದು ನಿಧಾನವಾಗಿ ಹೊಗೆಯಾಡಿದ ಬೆಂಕಿಯದು. ಎರಡನೆಯದಕ್ಕೆ ದೊಡ್ಡ ಪ್ರಮಾಣದಲ್ಲಿ ಒಣಗಿದ ರಾಶಿ ಮತ್ತು ಜೋರಾದ ಉರಿ ಬೇಕು. ಅಂದರೆ ಎಲ್ಲ ಬೆಂಕಿಯೂ ಒಂದೇ ತರಹದ್ದಲ್ಲ. ದೊಡ್ಡಿಯನ್ನು ಆಗಾಗ ಶುಚಿ ಮಾಡಿ ಸುಟ್ಟದ್ದು ಬೇರೆ, ಬಹಳ ಕಾಲ ಕೂಡಿಟ್ಟ ರಾಶಿಗೆ ಒಂದು ದಿನ ಬೆಂಕಿಯಿಟ್ಟದ್ದು ಬೇರೆ. ಈ ಎರಡನೆಯದು ಉದ್ದೇಶಪೂರ್ವಕವಾಗಿತ್ತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಬೆಂಕಿಯಿಟ್ಟದ್ದು ಏಕೆಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಉತ್ತರ: ಕೊರಲೆ ಕಾಳು

ಬೇಸಾಯದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪ್ರಾಚೀನ ಸಸ್ಯಾವಶೇಷಗಳ ಅಧ್ಯಯನ ನನ್ನ ಆಸಕ್ತಿಯ ಕ್ಷೇತ್ರ.

ದಕ್ಷಿಣದ ನವಶಿಲಾಯುಗದವರನ್ನು ಬರಿಯ ದನಗಾಹಿಗಳೆಂದು ಬಹಳ ಕಾಲ ಭಾವಿಸಲಾಗಿತ್ತು. ಇದಕ್ಕೆ ಒಂದು ಕಾರಣ ಬಹಳ ಸರಳವಾದದ್ದು. ಬೂದಿದಿಬ್ಬ ಮೈಲಿ ದೂರದಿಂದ ಕಣ್ಣಿಗೆ ಬೀಳುತ್ತದೆ, ಸುಟ್ಟು ಕರಿಕಾದ ಸಾಸಿವೆಗಾತ್ರದ ಕಾಳು ಬೀಳುವುದಿಲ್ಲ. ಅಗೆದ ಮಣ್ಣನ್ನು ನೀರಿನ ತೊಟ್ಟಿಗೆ ಸುರಿದು ಕದಡಿದರೆ ಮಣ್ಣು ತಳಕ್ಕಿಳಿದು ಇದ್ದಿಲು ಮತ್ತು ಕರಿಕಾದ ಕಾಳು ಮೇಲೆ ತೇಲುತ್ತವೆ. ಅದನ್ನು ನವಿರಾದ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಆರಿಸಬೇಕು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಬಳ್ಳಾರಿ ಬಳಿಯ ನವಶಿಲಾಯುಗದ ನೆಲೆ ಸಂಗನಕಲ್ಲು ಮುಂತಾದ ಕಡೆ ಈ ಕ್ರಮವನ್ನು ಅನುಸರಿಸಿದಾಗ ಹುರುಳಿ, ಹೆಸರು, ಕೊರಲೆ, ಜೊತೆಗೆ ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ ಮತ್ತೆ ಮತ್ತೆ ಸಿಕ್ಕವು. ಇವೆಲ್ಲ ಮಳೆಯಾಶ್ರಯದಲ್ಲಿ ಬೆಳೆಯುವಂಥವು. ಹುರುಳಿಕಟ್ಟಿನ ಸಾರು ಉಣ್ಣುವ ನಮಗೆ ಇದು ದೂರದ ಸುದ್ದಿಯೇನಲ್ಲ. ಬೆಟ್ಟದ ಮೇಲಿನ ನೆಲೆಗಳ ಬಂಡೆಗಳಲ್ಲಿ ಕಾಳು ಅರೆದು ಅರೆದು ನುಣುಪಾದ ತಗ್ಗುಗಳು ಇವತ್ತಿಗೂ ಇವೆ.

ಹೀಗಾಗಿ ಅವರಿಗೆ ಬೇಸಾಯ ತಿಳಿದಿತ್ತು, ಆದರೂ ಸಗಣಿಯನ್ನು ಸುಟ್ಟರು. ಇದರ ಅರ್ಥ ಸಗಣಿಗೆ ಅವರ ಬದುಕಿನಲ್ಲಿ ಗೊಬ್ಬರಕ್ಕಿಂತ ಬೇರೆ ಬೆಲೆ ಇತ್ತೆಂದೇ? ಇರಬಹುದು. ದನದ ಮೈಗೆ ಹತ್ತುವ ಉಣುಗುಗಳ ಕಾಟಕ್ಕೆ ದೊಡ್ಡಿ ಸುಟ್ಟದ್ದೂ ಇರಬಹುದು. ಕಾಳುಗಳು ಏನು ಉಂಡರೆಂದು ಹೇಳಬಲ್ಲವು, ಏಕೆ ಸುಟ್ಟರೆಂದು ಹೇಳಲಾರವು.

ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಸುರಪುರದ ಬಳಿಯ ಬೂದಿಹಾಳದಲ್ಲಿ (ಊರಿನ ಹೆಸರಲ್ಲೇ ಬೂದಿ ಇರುವುದನ್ನು ಗಮನಿಸಿ) ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನವಸತಿ, ಕಲ್ಲಿನ ಉಪಕರಣ ಮಾಡುವ ಜಾಗ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳು ದೊರೆತವು. ಇದರಿಂದ ದಿಬ್ಬಗಳು ಕಾಡಿನಲ್ಲಿ ಕೆಲಕಾಲ ತಂಗುವ ದೊಡ್ಡಿಗಳು ಮಾತ್ರ ಎಂಬ ಆಲ್ಚಿನ್ನರ ಅಭಿಪ್ರಾಯವನ್ನು ತಿದ್ದಬೇಕಾಯಿತು. ಅದೇ ಬೂದಿಹಾಳದಲ್ಲಿ ದನಗಳನ್ನು ಕಡಿದು ಮಾಂಸ ಬೇರ್ಪಡಿಸುತ್ತಿದ್ದ ನೆಲವೂ ಸಿಕ್ಕಿದೆ. ಅವರು ದನಗಳನ್ನು ಸಾಕಿದರು, ತಿಂದರು, ಬಂಡೆಗಳ ಮೇಲೆ ಅವುಗಳ ಚಿತ್ರವನ್ನೂ ಕುಟ್ಟಿದರು. ನಮ್ಮ ಕಾಲದ ಭಾವನೆಯನ್ನೋ ವಾದವನ್ನೋ ಅವರ ಮೇಲೆ ಹೊರಿಸಿದರೆ ಇವುಗಳಲ್ಲಿ ಯಾವುದಾದರೊಂದನ್ನು ಮರೆಮಾಚಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ವಿಷಯ ಉಳಿಯಿತು. ನನ್ನ ತವರು ಮಂಡ್ಯದ ಕಡೆ. ಅಲ್ಲಿ ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಬೂದಿದಿಬ್ಬಗಳ ಬೆಂಕಿಯೂ ಇಂಥದೇ ಹಬ್ಬದ್ದೆಂದು ಮಕ್ಕಳಿಗೆ ಹೇಳಬಹುದೇ?

ಉತ್ತರ: ಸ್ತರವಿನ್ಯಾಸ

ಈ ಹೋಲಿಕೆ ಆಲ್ಚಿನ್ ಅವರಿಗೂ ಹೊಳೆದಿತ್ತು. ವರ್ಷದ ನಿಗದಿತ ಕಾಲದಲ್ಲಿ ದನಗಳಿಗಾಗಿ ಬೆಂಕಿ ಹೊತ್ತಿಸುವ ಹಬ್ಬಗಳ ಬೇರು ಇಲ್ಲಿರಬಹುದೆಂದು ಅವರು ಸೂಚಿಸಿದ್ದರು. ಸುಂದರವಾದ ವಿಚಾರ, ಆದರೆ ಮಕ್ಕಳಿಗೆ ಹೇಳುವಾಗ "ಇರಬಹುದು" ಎಂಬ ಪದವನ್ನು ಬಿಡಬೇಡಿ. ಈ ದಿಬ್ಬಗಳ ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದ ಎರಡನೆಯ ಸಹಸ್ರಮಾನದವರೆಗಿನದು. ಅಲ್ಲಿಂದ ಇಂದಿನ ಕಿಚ್ಚಿನವರೆಗೆ ನಡುವಣ ಕೊಂಡಿಗಳು ನಮಗೆ ಸಿಕ್ಕಿಲ್ಲ. ಕಿಚ್ಚು ಹಾಯಿಸುವುದನ್ನು ಕಂಡವರಿಗೆ ದನ ಮತ್ತು ಬೆಂಕಿಯ ನಂಟು ಹೇಗೆಲ್ಲ ಇರಬಹುದೆಂದು ಹೊಳೆಯುತ್ತದೆ. ಅದು ಒಳ್ಳೆಯ ಪ್ರಶ್ನೆ ಕೇಳಲು ನೆರವಾಗುತ್ತದೆಯೇ ಹೊರತು ಪುರಾವೆಯಾಗುವುದಿಲ್ಲ. ದಿಬ್ಬಗಳು ಬಹುದೂರಕ್ಕೆ ಕಾಣುವಂತೆ ತಲೆಮಾರುಗಳುದ್ದಕ್ಕೂ ಬೆಳೆದುದನ್ನು ನೋಡಿ, ಅವನ್ನು ಒಂದು ಬಗೆಯ ಸ್ಮಾರಕವೆಂದೇ ಪರಿಗಣಿಸಬೇಕೆಂದು ವಾದಿಸಿರುವ ಸಂಶೋಧಕರೂ ಇದ್ದಾರೆ. ನನಗೆ ಈ ವಾದ ಹಬ್ಬದ ವಾದಕ್ಕಿಂತ ಗಟ್ಟಿಯೆನಿಸುತ್ತದೆ, ಏಕೆಂದರೆ ಅದು ದಿಬ್ಬದ ಆಕಾರ ಮತ್ತು ಪದರಗಳನ್ನೇ ಆಧರಿಸಿದೆ.

ಕಾಲದ ವಿಷಯದಲ್ಲೂ ನಾವು ಒಮ್ಮೆ ಎಡವಿದ್ದೇವೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವ್ಹೀಲರ್, ರೋಮನ್ ವ್ಯಾಪಾರದ ಕಾಲದ ಮಡಕೆಗಳನ್ನು ಆಧಾರವಾಗಿಟ್ಟುಕೊಂಡು ಕೆಳಗಿನ ಪದರಗಳ ಕಾಲವನ್ನು ಎಣಿಸಿ, ಇಲ್ಲಿನ ಕಲ್ಲುಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ್ದೆಂದರು. ಪದರಗಳ ಅನುಕ್ರಮವನ್ನು ಅವರು ಸರಿಯಾಗಿಯೇ ಓದಿದ್ದರು, ವರ್ಷಗಳ ಲೆಕ್ಕ ಮಾತ್ರ ತಪ್ಪಿತು. ಉತ್ನೂರು, ತೆಕ್ಕಲಕೋಟೆ ಮುಂತಾದ ಕಡೆಯ ಇದ್ದಿಲಿನ ರೇಡಿಯೋಕಾರ್ಬನ್ ಪರೀಕ್ಷೆ (ಇದ್ದಿಲಿನಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ಅದರ ವಯಸ್ಸು ಅಳೆಯುವ ಕ್ರಮ) ಬಂದ ಮೇಲೆ ಆ ಕಾಲ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿಯಿತು.

ಕೊನೆಯದಾಗಿ ನಿಮ್ಮ ಮೇಜಿನ ಮೇಲಿನ ಗಟ್ಟಿಯ ವಿಚಾರ. ದಿಬ್ಬದಲ್ಲಿದ್ದಾಗ ಅದರ ಕೆಳಗೆ ಯಾವ ಪದರವಿತ್ತು, ಮೇಲೆ ಯಾವುದಿತ್ತು ಎಂಬುದರಲ್ಲೇ ಅದರ ಅರ್ಧ ಅರ್ಥವಿತ್ತು, ಈಗ ಅಷ್ಟು ಕಳೆದುಹೋಗಿದೆ. ಹುಡುಗನನ್ನು ಗದರಬೇಡಿ. ಎತ್ತಿಕೊಂಡ ಜಾಗ ಅವನಿಗೆ ನೆನಪಿರುವಾಗಲೇ ಅದನ್ನು ನಕ್ಷೆಯಲ್ಲಿ ಗುರುತಿಸಿ, ದಿನಾಂಕ ಬರೆಸಿ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಪುರಾತತ್ತ್ವ ಸಂಗ್ರಹಾಲಯವಿದೆ. ಗಟ್ಟಿಯನ್ನೂ ಆ ಚೀಟಿಯನ್ನೂ ಅವನ ಕೈಯಿಂದಲೇ ಅಲ್ಲಿಗೆ ಕೊಡಿಸಿ, ತರಗತಿಯ ಮಕ್ಕಳೆಲ್ಲ ಸಂಗನಕಲ್ಲಿನ ವಸ್ತುಗಳನ್ನು ನೋಡಿಕೊಂಡು ಬರಲಿ. ಅಜ್ಜಿಯ ಕಥೆಯನ್ನೂ ಅವನು ಬರೆದಿಡಲಿ. ದಿಬ್ಬ ಕಟ್ಟಿದವರ ಬಗ್ಗೆ ಅದು ಏನನ್ನೂ ಹೇಳದಿದ್ದರೂ, ಅವರ ನಂತರ ಬಂದ ನಮ್ಮ ಹಿರಿಯರು ಆ ಬೂದಿಯನ್ನು ಹೇಗೆ ಕಂಡರೆಂಬುದಕ್ಕೆ ಅದೇ ದಾಖಲೆ.

ಪ್ರಶ್ನೆ ಕೇಳಿದವರು: ಸಮಾಜ ವಿಜ್ಞಾನ ಶಿಕ್ಷಕಿ

ಹಾಗೆಯೇ ಮಾಡುತ್ತೇನೆ. ಜಾಗವನ್ನು ಅವನು ಇಂದೇ ಗುರುತಿಸಿದ್ದಾನೆ: ರಸ್ತೆಯ ಕಡೆಯ ಇಳಿಜಾರು, ಮಳೆನೀರು ಕೊರೆದ ಸಣ್ಣ ಕೊರಕಲಿನ ಬಾಯಿ. ಮೇಲಿನಿಂದ ಉರುಳಿ ಬಂದದ್ದಿರಬೇಕೆಂದು ತಾನಾಗಿಯೇ ಚೀಟಿಯಲ್ಲಿ ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ.